ಹಿತ್ತಲಲ್ಲಿ ಮೀನು, ಮೀನಿನ ನೀರಲ್ಲಿ ಪಲ್ಲೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಮೀನಿನ ತೊಟ್ಟಿಯ ನೀರನ್ನು ಜಲ್ಲಿ ತುಂಬಿದ ಮಡಿಗೆ ಹಾಯಿಸಿ, ಅಲ್ಲಿ ತರಕಾರಿ ಬೆಳೆದು, ಅದೇ ನೀರನ್ನು ಮರಳಿ ತೊಟ್ಟಿಗೆ ಬಿಡುವುದೇ ಅಕ್ವಾಪೋನಿಕ್ಸ್. ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಓದುಗರು ಈ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ಈ ಸಲ ಉತ್ತರ.

ಪ್ರಶ್ನೆ: ಮನೆ ಹಿಂದೆ 10 ಅಡಿಗೆ 12 ಅಡಿ ಜಾಗ ಖಾಲಿ ಇದೆ. ಮನೆಮಟ್ಟಿಗೆ ಪಲ್ಲೆ, ಆಗೊಮ್ಮೆ ಈಗೊಮ್ಮೆ ಮೀನು ಸಿಕ್ಕರೆ ಸಾಕು. ಏನೇನು ಸಾಮಾನು ತರಬೇಕು, ಎಲ್ಲಿಂದ ಶುರು ಮಾಡಬೇಕು?
(ಓದುಗರು, ಸಿಂಧನೂರು)

ಉತ್ತರ: 1000 ಲೀಟರಿನ ಒಂದು ತೊಟ್ಟಿ, 6 ಅಡಿ ಉದ್ದ, 3 ಅಡಿ ಅಗಲ, 1 ಅಡಿ ಆಳದ ಒಂದು ಮಡಿ. ಮೊದಲ ವರ್ಷಕ್ಕೆ ಇಷ್ಟೇ ಸಾಕು, ಇದಕ್ಕಿಂತ ದೊಡ್ಡದು ಬೇಡ. ಹಾಗಂತ 200 ಲೀಟರಿನ ಡ್ರಮ್ಮಿಗೂ ಇಳಿಯಬೇಡಿ. ನೀರು ಕಡಿಮೆಯಾದಷ್ಟೂ ಬೇಗ ಕಾಯುತ್ತದೆ, ಬೇಗ ಕೆಡುತ್ತದೆ. ಹಳೆಯ ಡ್ರಮ್ಮು, ಟ್ಯಾಂಕು ಕೊಳ್ಳುವುದಾದರೆ ಅದರಲ್ಲಿ ಮೊದಲು ಏನಿತ್ತೆಂದು ಕೇಳಿ ತಿಳಿಯಿರಿ. ಔಷಧಿ, ಆಸಿಡ್ ಇದ್ದದ್ದು ಬೇಡವೇ ಬೇಡ.

ಮಡಿಗೆ 18 ಘನ ಅಡಿ ಜಲ್ಲಿ ಬೇಕು, 20 ಎಂಎಂ ಗ್ರಾನೈಟಿನದು. ನಮ್ಮ ಕಡೆ ಇದಕ್ಕೇನೂ ಬರವಿಲ್ಲ, ಆದರೆ ಸುಣ್ಣದ ಕಲ್ಲು ಬೆರೆತಿರಬಾರದು. ನಾಲ್ಕಾರು ಕಲ್ಲಿನ ಮೇಲೆ ವಿನೆಗರ್ ಹನಿಸಿ ನೋಡಿ. ನೊರೆ ಎದ್ದರೆ ಆ ರಾಶಿ ಬಿಡಿ, ಅದು ನೀರಿನ ಕ್ಷಾರವನ್ನು ಏರಿಸುತ್ತಲೇ ಇರುತ್ತದೆ. ಜಲ್ಲಿಯನ್ನು ತೊಳೆದ ನೀರು ತಿಳಿಯಾಗುವ ತನಕ ತೊಳೆದು ತುಂಬಿ.

ಮಡಿಯ ತಳದಿಂದ ಒಂದೂಕಾಲು ಇಂಚಿನ ಪಿವಿಸಿ ಪೈಪನ್ನು 25 ಸೆಂ.ಮೀ. ಎತ್ತರಕ್ಕೆ ನಿಲ್ಲಿಸಿ, ಅದರ ಬುಡದಲ್ಲಿ 8 ಎಂಎಂನ ಎರಡು ತೂತು ಕೊರೆಯಿರಿ. ಸುತ್ತ ತೂತು ಮಾಡಿದ 4 ಇಂಚಿನ ಪೈಪನ್ನು ಅದರ ಹೊರಗೆ ಇಳಿಬಿಟ್ಟರೆ ಕಲ್ಲು ಒಳನುಗ್ಗುವುದಿಲ್ಲ. ತೊಟ್ಟಿಯಿಂದ ಮಡಿಗೆ ನೀರೆತ್ತುವ ಮೋಟರ್‌ಗೆ ಟೈಮರ್ ಹಾಕಿ 15 ನಿಮಿಷ ಓಡಿಸಿ, 45 ನಿಮಿಷ ನಿಲ್ಲಿಸಿ. ಓಡುವಾಗ ಮಡಿ ತುಂಬಿ ಹೆಚ್ಚಾದದ್ದು ಪೈಪಿನ ಬಾಯಿಗೆ ಬಿದ್ದು ತೊಟ್ಟಿಗೆ ಮರಳುತ್ತದೆ. ನಿಂತಾಗ ಬುಡದ ತೂತುಗಳಿಂದ ನೀರೆಲ್ಲ ತೊಟ್ಟಿಗೆ ಇಳಿದು, ಬೇರಿಗೆ ಗಾಳಿ ಸಿಗುತ್ತದೆ. ತಾನಾಗಿ ತುಂಬಿ ಖಾಲಿಯಾಗುವ ಬೆಲ್ ಸೈಫನ್ ನೋಡಲು ಚೆಂದ. ಆದರೆ ನೀರಿನ ಹರಿವು ಸ್ವಲ್ಪ ತಗ್ಗಿದರೂ ಅದು ಎಳೆಯುವುದಿಲ್ಲ, ಸ್ವಲ್ಪ ಏರಿದರೂ ಎಳೆಯುವುದನ್ನು ನಿಲ್ಲಿಸುವುದಿಲ್ಲ. ಹೊಸಬರಿಗೆ ಟೈಮರೇ ವಾಸಿ.

ಮೋಟರ್ ಡಬ್ಬಿಯ ಮೇಲಿನ ಲೀಟರ್ ಲೆಕ್ಕ ನಂಬಬೇಡಿ. ನೀರನ್ನು ಮೂರು ನಾಲ್ಕು ಅಡಿ ಎತ್ತುವಷ್ಟರಲ್ಲಿ ಅದು ಬಹಳ ಇಳಿದಿರುತ್ತದೆ. ಮಡಿಯ ಎತ್ತರಕ್ಕೆ ಪೈಪ್ ಹಿಡಿದು ಅಳೆಯಿರಿ. 20 ಲೀಟರಿನ ಬಕೆಟ್ ಒಂದು ನಿಮಿಷದಲ್ಲಿ ತುಂಬಿದರೆ ಸರಿ. ಮೋಟರನ್ನು ತೊಟ್ಟಿಯ ತಳಕ್ಕೆ ಇಡದೆ, ಇಟ್ಟಿಗೆ ಪೇರಿಸಿ ಅದರ ಮೇಲೆ 20 ಸೆಂ.ಮೀ. ಎತ್ತರದಲ್ಲಿಡಿ. ಎಲ್ಲಾದರೂ ಪೈಪ್ ಕಳಚಿದರೂ ಮೀನಿಗೆ ಅಷ್ಟು ನೀರು ಉಳಿಯುತ್ತದೆ. ತಾಮ್ರ, ಹಿತ್ತಾಳೆಯ ನಲ್ಲಿ, ಫಿಟ್ಟಿಂಗ್ ಎಲ್ಲಿಯೂ ಬೇಡ. ತಾಮ್ರ ಮೀನಿಗೆ ವಿಷ.

ಪ್ರಶ್ನೆ: ತೊಟ್ಟಿ ಕಟ್ಟಿದ ಮೂರನೇ ದಿನವೇ 60 ಮೀನು ಮರಿ ಬಿಟ್ಟೆ. ನೀರು ತಿಳಿಯಾಗಿಯೇ ಇತ್ತು, ಮೋಟರ್ ಓಡುತ್ತಿತ್ತು. ಎರಡನೇ ವಾರದಲ್ಲಿ ಒಂದೊಂದಾಗಿ ಸತ್ತು ತೇಲಿದವು. ತಪ್ಪೆಲ್ಲಿ?
(ಓದುಗರು, ಗಂಗಾವತಿ)

ಉತ್ತರ: ನೀರಿನಲ್ಲಿ ಬ್ಯಾಕ್ಟೀರಿಯ ಇನ್ನೂ ಹುಟ್ಟಿರಲಿಲ್ಲ. ಮೀನು ಹೊರಬಿಡುವುದು ಅಮೋನಿಯ. ಒಂದು ಬಗೆಯ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡೂ ಮೀನಿಗೆ ವಿಷ, ಮೂರನೆಯದು ಗಿಡಕ್ಕೆ ಊಟ. ಈ ಬ್ಯಾಕ್ಟೀರಿಯ ಜಲ್ಲಿಯ ಮೈಗೆ ಅಂಟಿ ಬೆಳೆಯಲು ಮೂರರಿಂದ ಆರು ವಾರ ಬೇಕು. ಅಮೋನಿಯ, ನೈಟ್ರೈಟಿಗೆ ಬಣ್ಣವೂ ಇಲ್ಲ, ಕಣ್ಣಿಗೂ ಕಾಣವು. ಹಾಗಾಗಿ ತಿಳಿ ನೀರೇ ಒಳ್ಳೆಯ ನೀರೆಂದು ಬಹಳ ಜನ ಮೋಸ ಹೋಗುತ್ತಾರೆ.

ನಮ್ಮ ಬೋರ್ ನೀರು ಕ್ಷಾರದ್ದು, ಅದರಲ್ಲಿ ಈ ಅಪಾಯ ಇನ್ನೂ ಹೆಚ್ಚು. ನೀರಿನ ಹುಳಿ, ಕ್ಷಾರದ ಅಳತೆಯೇ ಪಿಎಚ್, ಅದು 7 ದಾಟಿದರೆ ಕ್ಷಾರ. 30 ಡಿಗ್ರಿ ಬಿಸಿಯ ನೀರಿನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯದಲ್ಲಿ ಶೇ. 1ರಷ್ಟೂ ವಿಷರೂಪದಲ್ಲಿರುವುದಿಲ್ಲ. ಪಿಎಚ್ 8 ಆದರೆ ಅದು ಶೇ. 7 ದಾಟುತ್ತದೆ.

ಮುಂದಿನ ಸಲ ಮೀನಿಲ್ಲದೆ ಶುರು ಮಾಡಿ. ನಲ್ಲಿ ನೀರಾದರೆ ಗಾಳಿ ಕಲ್ಲು (ಗಾಳಿ ಪಂಪಿನ ತುದಿಗೆ ಸಿಕ್ಕಿಸುವ, ಗುಳ್ಳೆ ಎಬ್ಬಿಸುವ ಕಲ್ಲು) ಹಾಕಿ ಎರಡು ದಿನ ಬಿಟ್ಟು ಕ್ಲೋರಿನ್ ಹೋಗಲಾಡಿಸಿ. 1000 ಲೀಟರಿಗೆ 8 ಗ್ರಾಂ ಅಮೋನಿಯಂ ಕ್ಲೋರೈಡ್ ಕರಗಿಸಿದರೆ ಲೀಟರಿಗೆ 2 ಮಿ.ಗ್ರಾಂ ಅಮೋನಿಯ ಸಾರಜನಕ ಸಿಗುತ್ತದೆ. ಕಲಾಯಿ ಹಾಕುವವರ ನವಸಾಗರವೂ ಇದೇ, ಆದರೆ ಅದರಲ್ಲಿ ಕಲಬೆರಕೆ ಇರಬಹುದು. ರಾಸಾಯನಿಕ ಮಾರುವ ಅಂಗಡಿಯ ಶುದ್ಧ ಪುಡಿಯನ್ನೇ ತನ್ನಿ. ಅಕ್ವೇರಿಯಂ ಅಂಗಡಿಯ ಹನಿ ಪರೀಕ್ಷೆಯ ಕಿಟ್‌ನಿಂದ ಎರಡು ದಿನಕ್ಕೊಮ್ಮೆ ನೋಡುತ್ತ, ಅಮೋನಿಯ ಮುಗಿದಾಗ ಮತ್ತೆ ಅಷ್ಟೇ ಹಾಕಿ. ಹಾಕಿದ 24 ಗಂಟೆಯಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗೆ ಬಂದರೆ ಮೀನು ಬಿಡಬಹುದು. ಯಾರದ್ದಾದರೂ ಆರೋಗ್ಯವಾಗಿ ನಡೆಯುತ್ತಿರುವ ಅಕ್ವೇರಿಯಂನ ಫಿಲ್ಟರ್ ಸ್ಪಂಜನ್ನು ನಿಮ್ಮ ಜಲ್ಲಿಯ ಮೇಲೆ ಹಿಂಡಿದರೆ, ಮೊಸರಿಗೆ ಹೆಪ್ಪು ಹಾಕಿದಂತೆ, ಕೆಲಸ ಬೇಗ ಆಗುತ್ತದೆ.

60 ಮರಿಯೂ ಹೆಚ್ಚಾಯಿತು, ಮೇಲೆ ಹೇಳಿದ 1000 ಲೀಟರಿನ ತೊಟ್ಟಿಗೆ 25 ಸಾಕು. ಅವು ತಲಾ 150 ಗ್ರಾಂ ತೂಗುವಾಗ ದಿನಕ್ಕೆ 75 ಗ್ರಾಂ ಮೇವು ತಿನ್ನುತ್ತವೆ. ಒಂದು ಚದರ ಮೀಟರ್ ಸೊಪ್ಪಿಗೆ ದಿನಕ್ಕೆ 40ರಿಂದ 50 ಗ್ರಾಂ ಮೇವಿನ ಲೆಕ್ಕದಲ್ಲಿ, ಮೇಲೆ ಹೇಳಿದ ಅಳತೆಯ ಇಡೀ ಮಡಿಗೆ ಅದು ಸಾಕಾಗುತ್ತದೆ.

ಪ್ರಶ್ನೆ: ಯಾವ ಮೀನು ಒಳ್ಳೆಯದು? ರೈಸ್ ಮಿಲ್ಲಿನ ತೌಡು, ಶೇಂಗಾ ಹಿಂಡಿ ಮನೆಯಲ್ಲೇ ಇದೆ, ಅದನ್ನೇ ಹಾಕಬಹುದೇ?
(ಓದುಗರು, ಸಿರುಗುಪ್ಪ)

ಉತ್ತರ: ಸಾಮಾನ್ಯ ಗೆಂಡೆಯಿಂದ ಶುರು ಮಾಡಿ, ಅದು ಗಟ್ಟಿ ಜೀವ. ಕಾಟ್ಲಾ ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು ತಿಂದು ಬೆಳೆಯುವ ಕೆರೆಯ ಮೀನು, ತೊಟ್ಟಿಗೆ ಒಗ್ಗದು. ತಿಲಾಪಿಯ ಸಾಕಲು ಅನುಮತಿ ಬೇಕು, ಮೊದಲು ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದಕ್ಕೆ ನಿಷೇಧವಿದೆ, ಯಾರು ಕೊಟ್ಟರೂ ತರಬೇಡಿ.

ತೌಡು, ಹಿಂಡಿ ಕೆರೆಗೆ ಸರಿ. ತೊಟ್ಟಿಯಲ್ಲಿ ಅವು ಕರಗಿ ಜಲ್ಲಿಯ ಸಂದಿಯಲ್ಲಿ ಕೊಳೆತು ಆಮ್ಲಜನಕ ತಿನ್ನುತ್ತವೆ. ಶೇ. 28ರಿಂದ 32 ಪ್ರೊಟೀನಿನ ತೇಲುವ ಗುಳಿಗೆ ಮೇವು ತನ್ನಿ. 20 ನಿಮಿಷದಲ್ಲಿ ತಿನ್ನದೆ ಉಳಿದದ್ದನ್ನು ಜಾಳಿಗೆಯಿಂದ ತೆಗೆಯಿರಿ.

ಪ್ರಶ್ನೆ: ಪಾಲಕ್, ಪುಂಡಿಪಲ್ಲೆ ಎರಡರಲ್ಲೂ ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ಬೋರಿನ ನೀರು ಗಡಸು. ನಿಂಬೆರಸ ಹಿಂಡಿದರೆ ಪಿಎಚ್ ಇಳಿದು ಮರುದಿನ ಮತ್ತೆ ಏರುತ್ತದೆ.
(ಓದುಗರು, ಕುಷ್ಟಗಿ)

ಉತ್ತರ: ಇದು ಕಬ್ಬಿಣದ ಕೊರತೆ. ಮೀನಿನ ಮೇವಿನಲ್ಲಿ ಕಬ್ಬಿಣ ಕಡಿಮೆ, ಇರುವುದನ್ನೂ ಕ್ಷಾರದ ನೀರು ಗಿಡಕ್ಕೆ ಸಿಗದಂತೆ ಕಟ್ಟಿಹಾಕುತ್ತದೆ. ಗೊಬ್ಬರದಂಗಡಿಯಲ್ಲಿ ಸಾಮಾನ್ಯವಾಗಿ ಕೊಡುವ ಇಡಿಟಿಎ ಎಂಬ ಬಗೆಯ ಕಬ್ಬಿಣ ಪಿಎಚ್ 6.5ರ ಮೇಲೆ ನಿಲ್ಲುವುದಿಲ್ಲ, ದುಡ್ಡು ದಂಡ. ಇಡಿಡಿಎಚ್‌ಎ ಎಂಬ ಬಗೆಯದನ್ನು ಕೇಳಿ ತನ್ನಿ. ಅದರಲ್ಲಿ ಕಬ್ಬಿಣ ಶೇ. 6 ಇದ್ದರೆ 1000 ಲೀಟರಿಗೆ 33 ಗ್ರಾಂ. ನೀರು ಕೆಂಪಾಗುತ್ತದೆ, ಮೀನಿಗೆ ತೊಂದರೆಯಿಲ್ಲ. ಹೊಸ ಎಲೆ ಮತ್ತೆ ಬಿಳಿಚಿದಾಗ ಮಾತ್ರ ಇನ್ನೊಮ್ಮೆ ಹಾಕಿ.

ನಿಂಬೆರಸ ನಿಲ್ಲಿಸಿ. ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟ್ ಅಷ್ಟು ಹುಳಿಯನ್ನು ನುಂಗಿಬಿಡುತ್ತದೆ. ದಿನಾ ಏರಿಳಿಯುವ ಪಿಎಚ್, ಸ್ಥಿರವಾದ 7.8ಕ್ಕಿಂತ ಮೀನಿಗೆ ಕೆಟ್ಟದ್ದು. ಬ್ಯಾಕ್ಟೀರಿಯ ಕೆಲಸ ಮಾಡಿದಂತೆ ಕ್ಷಾರ ತಾನಾಗಿಯೇ ಕಡಿಮೆಯಾಗುತ್ತ ಬರುತ್ತದೆ. ಆದರೆ ಬೇಸಿಗೆಯಲ್ಲಿ ಆವಿಯಾಗುವುದು ಬರೀ ನೀರು, ಉಪ್ಪು ಅಲ್ಲೇ ಉಳಿಯುತ್ತದೆ. ಅದರ ಮೇಲೆ ಮತ್ತೆ ಬೋರ್ ನೀರನ್ನೇ ತುಂಬಿದರೆ ಗಡಸು ಇನ್ನೂ ಏರುತ್ತದೆ. ಮಳೆನೀರು ಹಿಡಿದಿಟ್ಟು ಬೆರೆಸಿ. ಟಿಡಿಎಸ್ (ಒಂದು ಲೀಟರಿನಲ್ಲಿ ಕರಗಿರುವ ಉಪ್ಪು, ಲವಣಗಳ ಮಿ.ಗ್ರಾಂ ಲೆಕ್ಕ) 2000 ದಾಟಿದ ನೀರನ್ನು ಬೆರೆಸದೆ ಬಳಸಲೇಬೇಡಿ. ಆರ್‌ಒ ಯಂತ್ರ ಹೊರಗೆ ಬಿಡುವ ನೀರೂ ಬೇಡ, ಉಪ್ಪೆಲ್ಲ ಸೇರಿರುವುದು ಅದರಲ್ಲೇ.

ಪ್ರಶ್ನೆ: ಮಾಳಿಗೆ ಮೇಲೆ ಇಡಬಹುದೇ?
(ಓದುಗರು, ಲಿಂಗಸುಗೂರು)

ಉತ್ತರ: ಮಣ್ಣಿನ ಮಾಳಿಗೆಯ ಮೇಲೆ ಖಂಡಿತ ಬೇಡ. ಮೇಲೆ ಹೇಳಿದ ಅಳತೆಯಲ್ಲಿ ತೊಟ್ಟಿಯ ನೀರೇ 1 ಟನ್, ಜಲ್ಲಿ ಇನ್ನೊಂದು ಮುಕ್ಕಾಲು ಟನ್. ಆರ್‌ಸಿಸಿ ಛಾವಣಿಯಾದರೂ ಎಂಜಿನಿಯರನ್ನು ಕೇಳದೆ ಇಡಬೇಡಿ.

ಪ್ರಶ್ನೆ: ಏಪ್ರಿಲ್ ಬಂತೆಂದರೆ ಬಿಸಿಲು, ಜೊತೆಗೆ ಕರೆಂಟೂ ಹೋಗುತ್ತದೆ. ಮೀನು ಉಳಿಸಿಕೊಳ್ಳುವುದು ಹೇಗೆ?
(ಓದುಗರು, ರಾಯಚೂರು)

ಉತ್ತರ: 25 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 8 ಮಿ.ಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತದೆ, 35 ಡಿಗ್ರಿಯಲ್ಲಿ 7 ಮಾತ್ರ. ಆದರೆ ಬಿಸಿ ಏರಿದಂತೆ ಮೀನಿಗೆ ಬೇಕಾಗುವ ಆಮ್ಲಜನಕ ಹೆಚ್ಚುತ್ತದೆ. ತೊಟ್ಟಿಯನ್ನು ಎರಡಡಿ ನೆಲದೊಳಗೆ ಹೂಳಿ, ಮೇಲೆ ಶೇ. 50ರ ನೆರಳು ಪರದೆ ಕಟ್ಟಿ, ಹೊರಗೆ ಕಾಣುವ ಮೈಗೆ ಒದ್ದೆ ಗೋಣಿತಟ್ಟು ಸುತ್ತಿ. ತೊಟ್ಟಿಯ ಬಾಯಿಗೆ ಬಿಸಿಲು ಬಿದ್ದರೆ ಪಾಚಿ ಬೆಳೆದು, ರಾತ್ರಿ ಅದೂ ಆಮ್ಲಜನಕ ಎಳೆಯುತ್ತದೆ. ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ಬಿಡುವುದು ಇದರಿಂದಲೇ. ನೀರು 34 ಡಿಗ್ರಿ ದಾಟಿದರೆ ಮೇವು ಅರ್ಧ ಮಾಡಿ, ಅದನ್ನೂ ಬೆಳಿಗ್ಗೆಯೇ ಹಾಕಿ. ಕೊತ್ತಂಬರಿಯನ್ನು ಬೇಸಿಗೆಯ ಮೂರು ತಿಂಗಳು ಬಿಟ್ಟು, ರಾಜಗಿರಿ, ಬಸಳೆ, ಪುಂಡಿಪಲ್ಲೆ ಹಾಕಿ.

ಕರೆಂಟ್ ಹೋದಾಗ ದೊಡ್ಡ ಮೋಟರ್ ಓಡಿಸಬೇಕಿಲ್ಲ, ಗಾಳಿ ಸಾಕು. ಯುಪಿಎಸ್‌ನಲ್ಲಿರುವಂಥ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಗೆ 5 ವ್ಯಾಟಿನ ಡಿಸಿ ಗಾಳಿ ಪಂಪ್ ಜೋಡಿಸಿ. ಬ್ಯಾಟರಿಯನ್ನು ಅರ್ಧದಷ್ಟೇ ಬಳಸಿದರೂ 8 ಗಂಟೆ ನಡೆಯುತ್ತದೆ. ಜೊತೆಗೆ ಒಂದು ರಿಲೇ (ಕರೆಂಟ್ ಹೋದೊಡನೆ ಬ್ಯಾಟರಿಯನ್ನು ತಾನೇ ಜೋಡಿಸುವ ಸ್ವಿಚ್) ಹಾಕಿಸಿ. ನಡುರಾತ್ರಿ ಕರೆಂಟ್ ಹೋದರೆ ಎದ್ದು ಸ್ವಿಚ್ ಹಾಕುವವರು ಇರುವುದಿಲ್ಲ, ಅದು ತಾನೇ ಶುರುವಾಗಬೇಕು.