ಬೇಲಿಗೆ ಅರ್ಜಿ ಹಾಕುವ ಮೊದಲು

ನೀನು ನ್ಯೂಜೆರ್ಸಿಯಲ್ಲಿ ಮನೆ ತಗೊಂಡದ್ದು ಕೇಳಿ ತುಂಬ ಖುಷಿಯಾಯ್ತು ಮಾರಾಯ. ನಿನ್ನ ಅಪ್ಪನೂ ನಾನೂ ಎಂಜಿಎಂ ಕಾಲೇಜಿನಲ್ಲಿ ಒಂದೇ ಬೆಂಚು. ಅವನ ಮಗ ಅಲ್ಲಿ ಸ್ವಂತ ಮನೆ ಮಾಡಿದ ಎಂದು ಉಡುಪಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿದ್ದೇನೆ. ನಾನೂ ಅಮೆರಿಕದಿಂದ ರಜೆಗೆ ಬಂದವನು, ಅಂಬಲಪಾಡಿ ಮನೆಯ ಜಗಲಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ಪಕ್ಕದವರ ಮರದ ಜಗಲಿ, ಅಂದರೆ ಡೆಕ್‌ನಿಂದ ನಿನ್ನ ಹಿತ್ತಿಲು ಪೂರಾ ಕಾಣುತ್ತದೆ, ಜೂನ್‌ನಲ್ಲಿ ಅಮ್ಮ ಬರುತ್ತಾರೆ, ಅಷ್ಟರೊಳಗೆ 8 ಅಡಿ ಬೇಲಿ ಹಾಕಲು ಟೌನ್‌ಶಿಪ್‌ನವರು ಒಪ್ಪುತ್ತಾರಾ, ಖರ್ಚೆಷ್ಟು ಎಂದು ಕೇಳಿದ್ದಿ. ಖರ್ಚಿಗೆ ಮೂರು ಕಡೆ ಕೊಟೇಶನ್ ತೆಗೆದುಕೊ, ನನ್ನ ಕಾಲದ ರೇಟು ಈಗ ಪ್ರಯೋಜನವಿಲ್ಲ.

ಒಪ್ಪಿಗೆಯ ವಿಷಯ ಸ್ವಲ್ಪ ಉದ್ದ. ಅಲ್ಲಿ ಹೆಚ್ಚಿನ ಊರುಗಳಲ್ಲಿ ಮನೆ ಮುಂದೆ 4 ಅಡಿ, ಹಿಂದೆ 6 ಅಡಿ. ಅದಕ್ಕಿಂತ ಎತ್ತರ ಬೇಕಾದರೆ ಊರಿನ ಜಾಗ-ಕಟ್ಟಡದ ನಿಯಮ ನೋಡುವ ಝೋನಿಂಗ್ ಬೋರ್ಡಿನಿಂದ ವೇರಿಯನ್ಸ್, ಅಂದರೆ ನಿಯಮಕ್ಕೆ ವಿನಾಯಿತಿ, ಸಿಗಬೇಕು. ಮೊದಲು ಝೋನಿಂಗ್ ಆಫೀಸರಿಗೆ ಅರ್ಜಿ ಕೊಡುವುದು, ಅವರು ಆಗುವುದಿಲ್ಲ ಎಂದು ಬರೆದುಕೊಡುವುದು, ಆ ಕಾಗದ ಹಿಡಿದು ಬೋರ್ಡಿಗೆ ಹೋಗುವುದು. ಮನೆಯ ಸರ್ವೆ ನಕ್ಷೆ ಇಟ್ಟುಕೊ. ‘ನೆರೆಯವರಿಗೆ ಕಾಣುತ್ತದೆ’ ಎಂದರೆ ಬೋರ್ಡಿಗೆ ಸಾಕಾಗುವುದಿಲ್ಲ, ತೊಂದರೆ ಜಾಗದ ರೀತಿಯಿಂದಲೇ ಬಂದದ್ದು ಎಂದು ತೋರಿಸಬೇಕು. ನನ್ನ ಹಿತ್ತಿಲು ಪಕ್ಕದ ಜಾಗಕ್ಕಿಂತ ಎರಡು ಅಡಿ ತಗ್ಗಿನಲ್ಲಿತ್ತು, ಆ ಕಡೆಯಿಂದ ನೋಡಿದರೆ 6 ಅಡಿಯ ಬೇಲಿ ನಾಲ್ಕೇ ಅಡಿ. ಅದನ್ನು ಫೋಟೋ ಸಮೇತ ತೋರಿಸಿದ್ದಕ್ಕೆ ನನಗೆ ಸಿಕ್ಕಿತು. 6 ಅಡಿ ದಾಟಿದರೆ ಕನ್‌ಸ್ಟ್ರಕ್ಷನ್ ಪರ್ಮಿಟ್ ಬೇರೆ ಬೇಕು. ಮನೆ ಮಾಲೀಕರ ಅಸೋಸಿಯೇಷನ್ ಇದ್ದರೆ ಅವರ ಒಪ್ಪಿಗೆಯೂ ಬೇಕು. ಗುಂಡಿ ತೋಡುವ ಮೂರು ಕೆಲಸದ ದಿನ ಮೊದಲೇ 811ಕ್ಕೆ ಫೋನ್ ಮಾಡಲೇಬೇಕು, ನೆಲದಡಿ ಗ್ಯಾಸ್ ಪೈಪು, ಕರೆಂಟು ಎಲ್ಲಿ ಹೋಗಿದೆ ಎಂದು ಬಂದು ಗುರುತು ಹಾಕಿಹೋಗುತ್ತಾರೆ. ಇಷ್ಟೆಲ್ಲ ಜೂನ್‌ನೊಳಗೆ ಮುಗಿಯುವುದು ಕಷ್ಟ.

ಈಗ ನಾನು ನಿಜವಾಗಿ ಹೇಳಬೇಕೆಂದಿದ್ದದ್ದು. ನಿನ್ನ ಜಾಗದಿಂದ 200 ಅಡಿಯೊಳಗಿನ ಎಲ್ಲ ಜಾಗದ ಮಾಲೀಕರಿಗೂ ಬೋರ್ಡಿನ ವಿಚಾರಣೆಗೆ 10 ದಿನ ಮೊದಲೇ ನೋಟಿಸು ಮುಟ್ಟಿಸಬೇಕು, ಕಾನೂನು ಹಾಗೆ. ನಾನು ಪಟ್ಟಿ ತಂದು ಎಲ್ಲರಿಗೂ ಸರ್ಟಿಫೈಡ್ ಮೇಲ್ ಕಳಿಸಿದೆ. ಪಕ್ಕದ ಮನೆಯ ಅಜ್ಜಿಗೂ ಅಂಚೆಯಲ್ಲೇ.

ನನ್ನ ಅಮ್ಮ ಮೊದಲ ಸಲ ಬಂದದ್ದು 2004ರಲ್ಲಿ. ಆಗ ಅಲ್ಲಿ ಇದ್ದದ್ದು ಸೊಂಟದೆತ್ತರದ ತಂತಿ ಬೇಲಿ. ಅಮ್ಮ ಬೆಳಿಗ್ಗೆ ಒದ್ದೆ ಕೂದಲಿಗೆ ಬೈರಾಸು ಸುತ್ತಿ ಕುಂಡದ ತುಳಸಿಗೆ ನೀರು ಹಾಕುವುದು, ಹಿಂಬಾಗಿಲ ಮೆಟ್ಟಿಲಲ್ಲಿ ಮಣೆ ಇಟ್ಟು ಬಸಳೆ ಹೆಚ್ಚುವುದು. ಆ ಅಜ್ಜಿ ಡೆಕ್ಕಿನಲ್ಲಿ ಕಾಫಿ ಕುಡಿಯುತ್ತಾ ನೋಡುತ್ತಿದ್ದರು. ನನಗೆ ಮೈಯೆಲ್ಲ ಹಿಡಿಯಾಗುತ್ತಿತ್ತು. ಆದರೆ ಅವರಿಬ್ಬರೂ ಭಾಷೆಯೇ ಇಲ್ಲದೆ ಬೇಲಿಯ ಮೇಲಿಂದ ಬಸಳೆ ಕಟ್ಟು, ಟೊಮೆಟೊ ಬದಲಿಸಿಕೊಳ್ಳುತ್ತಿದ್ದರು. ಅದನ್ನು ಕಂಡೂ ಅಮ್ಮ ಊರಿಗೆ ಹೋದ ಮೇಲೆ ಅರ್ಜಿ ಹಾಕಿದೆ. ಅಮ್ಮನಿಗೋಸ್ಕರ ಎಂದು ಎಲ್ಲರಿಗೂ ಹೇಳಿದೆ. ಅಮ್ಮನನ್ನು ಒಂದು ಮಾತು ಕೇಳಲಿಲ್ಲ. ನಾಚಿಕೆ ನನ್ನದಾಗಿತ್ತು, ಅಮ್ಮನದಲ್ಲ.

ವಿಚಾರಣೆಯ ದಿನ ಅಜ್ಜಿ ಬಂದು ಕೊನೆಯ ಸಾಲಿನಲ್ಲಿ ಕೂತಿದ್ದರು. ಸಾರ್ವಜನಿಕರು ಮಾತಾಡಬಹುದು ಎಂದಾಗ ಎದ್ದು ನಿಂತರು. ಬೋರ್ಡಿನವರನ್ನಲ್ಲ, ನನ್ನನ್ನೇ ನೋಡಿ ಕೇಳಿದರು: ‘ನನ್ನಿಂದ ಏನಾದರೂ ತಪ್ಪಾಯ್ತಾ?’ ತಕರಾರು ಹೇಳಲಿಲ್ಲ. ಬೋರ್ಡು ಪಾಸು ಮಾಡಿತು.

2006ರಲ್ಲಿ ಅಮ್ಮ ಮತ್ತೆ ಬಂದರು. ಹಿಂಬಾಗಿಲು ತೆಗೆದು ಹಲಗೆಯ ಎದುರು ಸುಮಾರು ಹೊತ್ತು ನಿಂತು, ‘ಇದೆಂಥದಕ್ಕೆ ಮಗಾ? ಆ ಅಮ್ಮ ಉಂಟಾ ಆಚೆ?’ ಎಂದರು. ಉಂಟು ಎಂದೆ. ಕರೆದುಕೊಂಡು ಹೋಗಿ ಮಾತಾಡಿಸುವ ಧೈರ್ಯ ನನಗಿರಲಿಲ್ಲ. ಮರುವರ್ಷ ಆ ಮನೆ ಮಾರಾಟವಾದದ್ದು ನನಗೆ ಗೊತ್ತಾದದ್ದು ಮಾರಾಟದ ಫಲಕ ನೆಟ್ಟ ಮೇಲೆ. ಅಮ್ಮ ಮತ್ತೆ ಅಮೆರಿಕಕ್ಕೆ ಬರಲಿಲ್ಲ, ಈಗ ಇಲ್ಲ.

ಇಲ್ಲಿ ಜಗಲಿಯಿಂದ ಕಾಣುವ ಪಾಗಾರ ನನ್ನ ಅಪ್ಪ ಕಟ್ಟಿಸಿದ್ದು, ಮುರಕಲ್ಲಿನದು. ಪಕ್ಕದ ಮನೆಯವರು ನಮ್ಮ ಬಾವಿಯಿಂದ ನೀರು ಒಯ್ಯುತ್ತಿದ್ದರೆಂದು ನಡುವೆ ಒಂದಾಳು ಕೊಡಪಾನ ಹಿಡಿದು ದಾಟುವಷ್ಟು ಕಂಡಿ ಬಿಡಿಸಿದ್ದ. ಈಗ ಅವರಿಗೆ ನಳ್ಳಿ ನೀರು ಬಂದು ಎಷ್ಟೋ ವರ್ಷವಾಯ್ತು. ಕಂಡಿ ಹಾಗೇ ಉಂಟು, ಕಲ್ಲಿನ ಅಂಚು ಕೈ ತಾಗಿ ತಾಗಿ ನುಣುಪಾಗಿದೆ. ಇವತ್ತು ಬೆಳಿಗ್ಗೆ ಪತ್ರೊಡೆ ಬಂದದ್ದೂ ಅದರಲ್ಲೇ.

ಬೇಲಿ ಹಾಕಬೇಡ ಎನ್ನುವುದಿಲ್ಲ. ಮಕ್ಕಳು, ನಾಯಿ ಇದ್ದರೆ 6 ಅಡಿಯದ್ದು ಬೇಕಾಗುತ್ತದೆ, ಅದಕ್ಕೆ ಬೋರ್ಡಿನ ತಾಪತ್ರಯವೂ ಇಲ್ಲ. ಆದರೆ ಈ ಭಾನುವಾರ ಅಮ್ಮನಿಗೆ ಫೋನ್ ಮಾಡಿ ಅವರಿಗೆ ಬೇಕಾ ಎಂದು ಕೇಳು. ಆಮೇಲೆ ಪಕ್ಕದವರ ಬಾಗಿಲು ತಟ್ಟಿ ಏನು ಮಾಡಬೇಕೆಂದಿದ್ದೀ ಎಂದು ಬಾಯಲ್ಲಿ ಹೇಳು. ನೋಟಿಸು ಆಮೇಲೆ ಹೋಗಲಿ.

ಅಮ್ಮ ಬಸಳೆ ಬಳ್ಳಿ ಬ್ಯಾಗಿಗೆ ತುಂಬಿಸದ ಹಾಗೆ ನೋಡಿಕೋ, ಏರ್‌ಪೋರ್ಟಿನಲ್ಲಿ ತೆಗೆದು ಬಿಸಾಡುತ್ತಾರೆ. ಚಳಿಗಾಲದಲ್ಲಿ ಕುಂಡವನ್ನು ಮನೆಯೊಳಗಿಟ್ಟು ಉಳಿಸಿದ ಬಳ್ಳಿ ನನ್ನಲ್ಲಿ ಉಂಟು. ಮೇ ಕೊನೆಗೆ ಬಂದು ಎರಡು ತುಂಡು ತಗೊಂಡು ಹೋಗು.