ರಂಗಗೀತೆಗೆ ಇಷ್ಟು ಮೆರವಣಿಗೆ ಬೇಕೆ? – ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಈ ಸಲ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳೆಲ್ಲ ಹೆಚ್ಚುಕಮ್ಮಿ ಒಂದೇ ವಾದದ ಸುತ್ತ ಇವೆ. ಉತ್ತರ ಬರೆದವರು ಇಬ್ಬರು: ಒಬ್ಬರು ಹಾರ್ಮೋನಿಯಂ ಮಾಸ್ತರು, ಇನ್ನೊಬ್ಬರು ನಾಟಕ ಕಲಿಸುವ ಮೇಷ್ಟ್ರು. ಇಬ್ಬರ ಅಭಿಪ್ರಾಯ ಒಂದೇ ಅಲ್ಲ. ಭಿನ್ನಮತವನ್ನು ಇದ್ದಂತೆಯೇ ಅಚ್ಚು ಹಾಕಿದ್ದೇವೆ.

ಪ್ರಶ್ನೆ: ಕಂಪನಿ ನಾಟಕದ ಹಾಡುಗಳನ್ನು ನಾವು ಹೊಗಳುವುದು ಅತಿಯಾಯಿತು ಎಂಬುದು ನನ್ನ ವಾದ. ಯಾವ ರಂಗಗೀತೆ ಸ್ಪರ್ಧೆಗೆ ಹೋದರೂ ಅವೇ ಹತ್ತು ಹಾಡು. ಮಟ್ಟು (ಹಾಡಿನ ಧಾಟಿ) ಮರಾಠಿಯದೋ ಹಿಂದಿಯದೋ, ಸಾಹಿತ್ಯ ಬರೀ ಪ್ರಾಸಕ್ಕೆ ತುಂಬಿದ್ದು. ನನ್ನ ಗೆಳೆಯ ಮಾತ್ರ ಅವುಗಳನ್ನು ಮೀರಿಸುವ ಸಂಗೀತವೇ ಇಲ್ಲ ಅಂತ ಪಟ್ಟು ಹಿಡಿದಿದ್ದಾನೆ. ಯಾರ ಮಾತು ಸರಿ? (ಓದುಗರು, ದಾವಣಗೆರೆ)

ಮಾಸ್ತರು: ಮಟ್ಟು ಎರವಲು ಎನ್ನುವುದು ನಿಜ. ಅದು ಕುಂದಲ್ಲ. ಹಳೆಯ ನಾಟಕ ಪುಸ್ತಕ ತೆರೆದರೆ ಹಾಡಿನ ನೆತ್ತಿಯ ಮೇಲೆ ರಾಗ, ತಾಳದ ಜೊತೆ ‘ಇಂಥ ಹಾಡಿನ ಮಟ್ಟು’ ಎಂದು ಅಚ್ಚಾಗಿರುವುದು ಕಾಣುತ್ತದೆ. ಯಾರೂ ಬಚ್ಚಿಟ್ಟಿರಲಿಲ್ಲ. 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ ಆಡಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ಮರಾಠಿ ಸಂಗೀತ ನಾಟಕಗಳಿಗೆ ಕನ್ನಡದ ಮಟ್ಟುಗಳೂ ಹೋದವು, ಅಲ್ಲಿನವು ನಮ್ಮ ಕಂಪನಿಗಳಿಗೂ ಬಂದವು. ಪಾರ್ಸಿ ನಾಟಕ ಕಂಪನಿಗಳಿಂದ ಬಂದದ್ದು ಬೇರೆ. ಮೈಸೂರು ಕಡೆಯ ಮೋಹನ, ಹಿಂದೋಳ, ಹುಬ್ಬಳ್ಳಿ ಕಡೆಯ ಭೀಮಪಲಾಸ್, ಪೀಲು ಎಲ್ಲವೂ ದಾವಣಗೆರೆ ಸೀಮೆಯ ರಂಗಕ್ಕೆ ಒಗ್ಗಿದ್ದು ಈ ಕೊಡುಕೊಳೆಯಿಂದಲೇ.

ಕುಂದು ಇರುವುದು ಕೂರಿಸುವಿಕೆಯಲ್ಲಿ. ಬೇರೆ ಭಾಷೆಯ ಮಟ್ಟಿಗೆ ಕನ್ನಡ ಹೊಂದಿಸುವಾಗ, ಒಂದು ಮಾತ್ರೆಯ ಅಕ್ಷರ ಬಂದ ಕಡೆ ಮಟ್ಟು ಎರಡು ಮಾತ್ರೆ ಎಳೆದುಬಿಡುತ್ತದೆ. ‘ಬಿಡು’ ಎಂಬುದು ‘ಬೀಡು’ ಎಂದು ಕೇಳುತ್ತದೆ, ‘ಬಲಿ’ ಎಂಬುದು ‘ಬಾಲಿ’. ಪರೀಕ್ಷೆ ಸುಲಭ. ರಾಗ ಬಿಟ್ಟು, ಕೈಯಲ್ಲಿ ತಾಳ ಹಾಕುತ್ತ ಬರೀ ಸಾಹಿತ್ಯವನ್ನು ಹಾಡಿನ ಲಯದಲ್ಲೇ ಹೇಳಿ. ಪಕ್ಕದಲ್ಲಿ ಕೂತವರಿಗೆ ಮೊದಲ ಸಲಕ್ಕೇ ಅರ್ಥವಾದರೆ ಕೂರಿಸಿದವರು ಬಲ್ಲವರು. ನೀವು ಹೇಳುವ ಹತ್ತು ಹಾಡುಗಳಲ್ಲೂ ಕೆಲವು ಈ ಪರೀಕ್ಷೆಯಲ್ಲಿ ಸೋಲುತ್ತವೆ. ಅಷ್ಟರ ಮಟ್ಟಿಗೆ ನಿಮ್ಮ ವಾದ ಗೆದ್ದಿತು.

ಆದರೆ ಕಂಪನಿ ಸಂಗೀತದ ನಿಜವಾದ ಹೆಚ್ಚುಗಾರಿಕೆ ತಾಳದ ಹಾಡಿನಲ್ಲಿಲ್ಲ, ಕಂದ ಮತ್ತು ವೃತ್ತ ಎಂಬ ಹಳೆಯ ಛಂದಸ್ಸಿನ ಪದ್ಯಗಳನ್ನು ಹೇಳುವ ರೀತಿಯಲ್ಲಿದೆ. ಕಂದಕ್ಕೆ ಒಂದು, ಮೂರನೆಯ ಸಾಲಿಗೆ 12 ಮಾತ್ರೆ, ಎರಡು, ನಾಲ್ಕನೆಯ ಸಾಲಿಗೆ 20 ಮಾತ್ರೆ. ಅದನ್ನು ತಾಳವಿಲ್ಲದೆ ರಾಗದಲ್ಲಿ ಬಿಡಿಸುತ್ತ, ಪದದ ಅರ್ಥ ಒಡೆಯದ ಕಡೆಯಲ್ಲೇ ಉಸಿರು ತೆಗೆದುಕೊಂಡು, ಕೊನೆಯ ಅಕ್ಷರದಿಂದ ನೇರ ಮಾತಿಗೆ ಇಳಿಯಬೇಕು. ಹಾರ್ಮೋನಿಯಂ ನಟನ ಹಿಂದೆ ಅರ್ಧ ಸ್ವರದಷ್ಟು ತಡವಾಗಿ ನೆರಳಿನ ಹಾಗೆ ಬರಬೇಕು, ಮುಂದೆ ಓಡಬಾರದು. ಸ್ಪರ್ಧೆಗಳಲ್ಲಿ ಕಂದ ಕೇಳುವುದೇ ಅಪರೂಪ. ಹಾಗಾಗಿ ನನ್ನ ಉತ್ತರ: ಕಂಪನಿಯ ಹಾಡಿಗೆ ಸಿಕ್ಕ ಮನ್ನಣೆ ಹೆಚ್ಚಾಯಿತು, ಕಂಪನಿಯ ಪದ್ಯಕ್ಕೆ ಸಿಗಬೇಕಾದದ್ದು ಸಿಗಲೇ ಇಲ್ಲ.

ಇನ್ನೊಂದು ಮಾತು. ಹಾರ್ಮೋನಿಯಂ ಸಂಗೀತ ಎಂದರೆ ಕೀಳು ಎಂಬ ಭಾವನೆ ಬೆಳೆಯಲು ಆಕಾಶವಾಣಿಯ ಪಾಲೂ ಇದೆ. 1940ರಿಂದ ಮೂರು ದಶಕ ಅಲ್ಲಿ ಹಾರ್ಮೋನಿಯಂಗೆ ಪ್ರವೇಶವಿರಲಿಲ್ಲ. ಸ್ವರದಿಂದ ಸ್ವರಕ್ಕೆ ಜಾರಲು ಆ ವಾದ್ಯಕ್ಕೆ ಬಾರದು ಎಂಬ ಆಕ್ಷೇಪ ಸರಿಯೇ. ಆದರೆ ಬಯಲಿನಲ್ಲಿ, ಗದ್ದಲದಲ್ಲಿ, ಸಾವಿರ ಜನರ ಎದುರು ನಟನಿಗೆ ಶ್ರುತಿ ಕೇಳಿಸುವ ಇನ್ನೊಂದು ವಾದ್ಯ ಆ ಕಾಲಕ್ಕೆ ಇರಲಿಲ್ಲ.

ಮೇಷ್ಟ್ರು: ಮಾಸ್ತರ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ. ಹಾಡು ಹೆಸರಾದ ಬಗೆಯನ್ನೂ ನೋಡಬೇಕು. ಹಳೆಯ ಹತ್ತಿಂಚಿನ ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದದ್ದು ಮೂರು ಮೂರೂವರೆ ನಿಮಿಷ. ರಂಗದ ಮೇಲೆ ಮಾತಿನ ನಡುವೆ ಬೆಳೆಯುತ್ತಿದ್ದ ಹಾಡು ತಟ್ಟೆಗೆ ಹೋಗುವಾಗ ಮಾತನ್ನೂ ಸಂದರ್ಭವನ್ನೂ ಕಳಚಿಟ್ಟು ಹೋಯಿತು. ಮುಂದಿನವರು ಕಲಿತದ್ದು ಬಹುಪಾಲು ತಟ್ಟೆ ಕೇಳಿ. ತಟ್ಟೆಗೆ ಏರದ ನೂರಾರು ಹಾಡು ಹಾಡುವವರ ಜೊತೆಗೇ ಹೋದವು. ಮೈಸೂರಿನ ರಂಗಸಂಗೀತಗಾರ ಆರ್. ಪರಮಶಿವನ್ ಅವರಂಥ ಕೆಲವರು ನೆನಪಿನಿಂದ ಹಾಡಿ, ಕಲಿಸಿ ಒಂದಿಷ್ಟನ್ನು ಉಳಿಸಿಕೊಟ್ಟರು. ಆದ್ದರಿಂದ ಉಳಿದ ಹತ್ತು ಹಾಡೇ ಶ್ರೇಷ್ಠ ಎನ್ನುವುದಕ್ಕೂ ಆಧಾರವಿಲ್ಲ, ಆ ಹತ್ತನ್ನು ಕೇಳಿ ಇಡೀ ಪರಂಪರೆಯನ್ನು ಅಳೆಯುವುದಕ್ಕೂ ಇಲ್ಲ.

ಹಾಡು ಮತ್ತೆ ಬೇಕೆಂದು ನೋಡುವವರು ಕೂಗುವ ‘ಒನ್ಸ್ ಮೋರ್’ ನಾಟಕಕ್ಕೆ ಮಾಡಿದ ಕೇಡನ್ನು ಸಂಗೀತದವರು ಸುಲಭವಾಗಿ ಒಪ್ಪುವುದಿಲ್ಲ. ಪ್ರಾಣ ಬಿಟ್ಟ ಪಾತ್ರ ಎದ್ದು ಕೂತು ಅದೇ ಹಾಡನ್ನು ಮತ್ತೆ ಹಾಡಿದರೆ ಆ ದೃಶ್ಯಕ್ಕೆ ಮತ್ತೆ ಜೀವ ಬರುವುದಿಲ್ಲ. ನಾನು ಹಾಡನ್ನು ಅಳೆಯುವುದು ಒಂದೇ ಪ್ರಶ್ನೆಯಿಂದ: ಹಾಡು ಶುರುವಾದಾಗ ಪಾತ್ರದ ಮನಸ್ಸು ಎಲ್ಲಿತ್ತು, ಮುಗಿದಾಗ ಎಲ್ಲಿದೆ? ಇದ್ದಲ್ಲೇ ಇದ್ದರೆ ಆ ಹಾಡು ಎಷ್ಟೇ ಇಂಪಾಗಿರಲಿ, ಆ ನಾಟಕಕ್ಕೆ ಬೇಡ.

ಮಾಸ್ತರು: ಇದನ್ನು ನಾನು ಒಪ್ಪುವುದಿಲ್ಲ. ಮಗನನ್ನು ಕಳೆದುಕೊಂಡ ತಾಯಿಯ ಮನಸ್ಸು ಹಾಡಿನುದ್ದಕ್ಕೂ ಇದ್ದಲ್ಲೇ ಇರುತ್ತದೆ. ನೋಡುವವರು ಆ ದುಃಖದಲ್ಲಿ ಸ್ವಲ್ಪ ಹೊತ್ತು ನಿಲ್ಲಲಿ ಎಂದೇ ಅಲ್ಲಿ ಹಾಡು ಇಟ್ಟಿರುವುದು. ಕಥೆ ಮುಂದೆ ಹೋಗಲಿಲ್ಲ ಎಂದು ಅದನ್ನು ಕಿತ್ತರೆ ಉಳಿಯುವುದು ಸುದ್ದಿ.

ಪ್ರಶ್ನೆ: ಜಾತ್ರೆಗೆ ಪೌರಾಣಿಕ ನಾಟಕ ಆಡುತ್ತಿದ್ದೇವೆ. ಪುಸ್ತಕದಲ್ಲಿ ಕಂದ, ವೃತ್ತ, ಸೀಸ ಪದ್ಯಗಳು ಸೇರಿ 40, ತಾಳದ ಹಾಡು 32. ಪೂರ್ತಿ ಆಡಿದರೆ ರಾತ್ರಿ ಹತ್ತಕ್ಕೆ ಶುರುವಾಗಿ ಬೆಳಗಿನ ಐದಕ್ಕೆ ಮುಗಿಯುತ್ತದೆ. ಹಾಡೆಲ್ಲ ತೆಗೆಯೋಣ ಅನ್ನುತ್ತಾರೆ ಹುಡುಗರು, ಒಂದಕ್ಷರ ಬಿಡಬಾರದು ಅನ್ನುತ್ತಾರೆ ಹಿರಿಯರು. ಏನು ಮಾಡುವುದು? (ನಾಟಕ ಮಂಡಳಿಯವರು, ಚಳ್ಳಕೆರೆ ತಾಲ್ಲೂಕು)

ಮೇಷ್ಟ್ರು: ಮೊದಲು ಗಡಿಯಾರ ಹಿಡಿದು ಅಳೆಯಿರಿ. ಆಲಾಪನೆ ಸೇರಿ ಒಂದು ಕಂದಕ್ಕೆ ಒಂದೂವರೆ ನಿಮಿಷ ಹಿಡಿದರೆ 40ಕ್ಕೆ 60 ನಿಮಿಷ. ಹಾಡಿಗೆ ನಾಲ್ಕು ನಿಮಿಷದಂತೆ 32ಕ್ಕೆ 128. ಒಟ್ಟು ಮೂರು ಗಂಟೆ ಎಂಟು ನಿಮಿಷ ಬರೀ ಪದ್ಯಕ್ಕೂ ಹಾಡಿಗೂ. ಈಗ ಕಂದಗಳನ್ನು 30ಕ್ಕೆ ಇಳಿಸಿ, ಒಂದೊಂದಕ್ಕೆ ಮುಕ್ಕಾಲು ನಿಮಿಷ ಕೊಡಿ. ಹಾಡುಗಳನ್ನು 15ಕ್ಕೆ ಇಳಿಸಿ, ಎರಡೂವರೆ ನಿಮಿಷ ಕೊಡಿ. ಎಲ್ಲ ಸೇರಿ ಒಂದೇ ಗಂಟೆ. ಏಳು ಗಂಟೆಯ ನಾಟಕ ಐದು ಗಂಟೆಯೊಳಗೆ ಬಂತು, ಮಾತಿನ ಒಂದು ಸಾಲೂ ಹೋಗಲಿಲ್ಲ.

ಯಾವುದನ್ನು ತೆಗೆಯಬೇಕು ಎಂಬುದೇ ಕಷ್ಟ. ಹಿಂದೆಯೇ ಮಾತಿನಲ್ಲಿ ಹೇಳಿದ್ದನ್ನು ಮತ್ತೆ ಹೇಳುವ ಹಾಡು ಮೊದಲು ಹೋಗಲಿ. ಬೆನ್ನುಬೆನ್ನಿಗೆ ಒಂದೇ ರಾಗದ ಎರಡು ಹಾಡಿದ್ದರೆ ಒಂದು ಸಾಕು. ಸವಾಲ್ ಜವಾಬಿನ ಪದ್ಯಗಳನ್ನು ಮುಟ್ಟಬೇಡಿ. ಒಬ್ಬನ ಪದ್ಯ ತೆಗೆದರೆ ಎದುರಾಳಿಯ ಪದ್ಯ ಉತ್ತರವಿಲ್ಲದೆ ನಿಲ್ಲುತ್ತದೆ.

ಬಹಳ ಮಂಡಳಿಗಳು ಮುಗ್ಗರಿಸುವುದು ಹಾಸ್ಯದ ಹಾಡಿನಲ್ಲಿ. ಬೇಡದ ಹಾಡೆಂದು ಅದನ್ನೇ ಮೊದಲು ಕಿತ್ತುಹಾಕುತ್ತಾರೆ. ಹಾಸ್ಯದ ಜೋಡಿ ಹಾಡುವುದು ಮುಂದಿನ ರಸ್ತೆ ಪರದೆಯ ಎದುರು. ಅದೇ ಹೊತ್ತಿನಲ್ಲಿ ಪರದೆಯ ಹಿಂದೆ ಕಾಡಿನ ಸೀನು ಎತ್ತಿ ದರ್ಬಾರು ಜೋಡಿಸುತ್ತಿರುತ್ತಾರೆ. ಸಿಂಹಾಸನ, ಮೆಟ್ಟಿಲು, ಕಂಬ ಇಟ್ಟು ಲೈಟು ತಿರುಗಿಸಲು ನಿಮ್ಮವರಿಗೆ ಐದು ನಿಮಿಷ ಬೇಕಾದರೆ ಮುಂದಿನ ದೃಶ್ಯವೂ ಐದು ನಿಮಿಷ ಇರಲೇಬೇಕು. ಸೀನರಿಯವರ ಹತ್ತಿರ ಪ್ರತಿ ಬದಲಾವಣೆಗೆ ಎಷ್ಟು ಹೊತ್ತು ಬೇಕೆಂದು ಕೇಳಿ ಬರೆದುಕೊಂಡ ಮೇಲೆಯೇ ಹಾಸ್ಯಕ್ಕೆ ಕತ್ತರಿ ಹಾಕಿ.

ಇನ್ನು ದಾಕ್ಷಿಣ್ಯದ ವಿಷಯ. ಹಳ್ಳಿಯ ನಾಟಕದಲ್ಲಿ ಪಾತ್ರಧಾರಿಗಳು ಪಾತ್ರಕ್ಕೆ ಹಣ ಕಟ್ಟಿರುತ್ತಾರೆ. ತಾಲೀಮಿನ ನಡುವೆ ‘ನಿಮ್ಮ ಮೂರು ಹಾಡು ತೆಗೆದೆವು’ ಎಂದರೆ ಮನಸ್ತಾಪ ಖಂಡಿತ. ಪಾತ್ರ ಹಂಚುವ ಮೊದಲೇ ಕತ್ತರಿಸಿದ ಪ್ರತಿ ಸಿದ್ಧವಿರಲಿ. ಆಗಲೇ ಹಂಚಿಬಿಟ್ಟಿದ್ದರೆ ಹಾಡನ್ನು ಇಡಿಯಾಗಿ ತೆಗೆಯದೆ ಒಳಗೆ ಕತ್ತರಿಸಿ: ಪಲ್ಲವಿ ಎರಡು ಸಲ, ಅರ್ಥ ಹೊತ್ತ ಒಂದು ಚರಣ, ಮತ್ತೆ ಪಲ್ಲವಿ ಒಂದು ಸಲ. ಕತ್ತರಿಸಿದ ಜಾಗ ತಾಳದ ಸಮಕ್ಕೇ (ಮೊದಲ ಪೆಟ್ಟಿಗೇ) ಬೀಳಬೇಕು. ತಬಲಾದವರು ಹಳೆಯ ಲೆಕ್ಕದಲ್ಲಿ ಮುಕ್ತಾಯ ಬಾರಿಸಿದರೆ ನಟ ಗಲಿಬಿಲಿಗೊಂಡು ಬಿಟ್ಟ ಚರಣವನ್ನೇ ಎತ್ತಿಕೊಳ್ಳುತ್ತಾನೆ. ಪರದೆಯ ಮರೆಯಲ್ಲಿ ಮಾತು ಹೇಳಿಕೊಡುವವರು, ಹಾರ್ಮೋನಿಯಂ, ತಬಲಾ ಮೂವರ ಪ್ರತಿಯಲ್ಲೂ ಕೆಂಪು ಶಾಯಿಯ ಗೆರೆ ಒಂದೇ ಕಡೆ ಇರಲಿ.

ಪ್ರಶ್ನೆ: ತಾಲೀಮಿನಲ್ಲಿ ಚೆನ್ನಾಗಿ ಹಾಡುವ ನಮ್ಮ ನಾಯಕ ಪಾತ್ರಧಾರಿಗೆ ರಂಗದ ಮೇಲೆ ಎರಡನೇ ಅಂಕಕ್ಕೇ ಗಂಟಲು ಒಡೆಯುತ್ತದೆ. ಏರು ಶ್ರುತಿಯಲ್ಲಿ ಹಾಡಿದರೇ ಕಂಪನಿಯ ಕಳೆ ಅನ್ನುತ್ತಾರೆ. ನಿಜವೇ? (ಓದುಗರು, ಹರಿಹರ)

ಮಾಸ್ತರು: ಏರು ಶ್ರುತಿ ಮೈಕ್ ಇಲ್ಲದ ಕಾಲದ ಅಗತ್ಯ. ಹಿಂದಿನ ಸಾಲಿಗೆ ದನಿ ಮುಟ್ಟಬೇಕಿತ್ತು, ಅದಕ್ಕೆ ತಕ್ಕ ಸಾಧನೆಯೂ ಇತ್ತು. ಮೈಕ್ ಎದುರು ನಿಂತವರು ಅದನ್ನು ಅನುಕರಿಸಿದರೆ ಹಾಡು ಕೂಗಾಗುತ್ತದೆ.

ತಾಲೀಮಿನಲ್ಲಿ ಅವರು ಹಾಡುವುದು ದಣಿಯದ ಗಂಟಲಿನಲ್ಲಿ. ರಂಗದ ಮೇಲೆ ಆ ಹೊತ್ತಿಗೆ ಅರ್ಧ ಗಂಟೆ ಆರ್ಭಟದ ಮಾತು ಆಗಿರುತ್ತದೆ. ಶ್ರುತಿ ಗೊತ್ತುಮಾಡುವ ದಿನ ಮೊದಲು ಇಪ್ಪತ್ತು ನಿಮಿಷ ಮಾತನ್ನು ಪೂರ್ತಿ ದನಿಯಲ್ಲಿ ಹೇಳಿಸಿ, ಆಮೇಲೆ ಆ ಪಾತ್ರದ ಎಲ್ಲಕ್ಕಿಂತ ಎತ್ತರದ ಹಾಡು ಹಾಡಿಸಿ. ಕತ್ತು ಬಿಗಿಯದೆ ತುದಿಯ ಸ್ವರದಲ್ಲಿ ಎಣಿಸುತ್ತ ನಾಲ್ಕು ಮಾತ್ರೆ ನಿಲ್ಲಲು ಆಗುವ ಮನೆ (ಷಡ್ಜಕ್ಕೆ ಹಿಡಿಯುವ ಹಾರ್ಮೋನಿಯಂ ಕೀಲಿ) ಹುಡುಕಿ, ಅಲ್ಲಿಂದ ಇನ್ನೊಂದು ಮನೆ ಇಳಿಸಿ. ಸಾಮಾನ್ಯ ಗಂಡು ದನಿಗೆ ಬಿಳಿ ಒಂದರಿಂದ (ಮೊದಲ ಬಿಳಿ ಕೀಲಿ) ಬಿಳಿ ಎರಡರ ಆಸುಪಾಸು ಬರುತ್ತದೆ. ತಾರದ ಮಧ್ಯಮ (ಮೇಲಿನ ಸ್ಥಾಯಿಯ ಮ) ಮುಟ್ಟುವ ಹಾಡಿದ್ದರೆ ಬಿಳಿ ಒಂದೂ ಹೆಚ್ಚಾಗಬಹುದು, ಸಂಕೋಚವಿಲ್ಲದೆ ಕೆಳಗೆ ಬನ್ನಿ. ಹೆಣ್ಣು ದನಿಗೆ ಕರಿ ಮೂರರಿಂದ ಕರಿ ನಾಲ್ಕು.

ಎಲ್ಲ ಪಾತ್ರಕ್ಕೂ ಒಂದೇ ಶ್ರುತಿ ಹಿಡಿಯುವ ಮಾಸ್ತರಿದ್ದಾರೆ. ಅದು ಅವರಿಗೆ ಅನುಕೂಲ, ನಟರಿಗಲ್ಲ. ಹಾರ್ಮೋನಿಯಂ ಮೇಲೆ ಒಂದು ಚೀಟಿ ಇರಲಿ: ಹಾಡಿನ ಮೊದಲ ಪದ, ಷಡ್ಜದ ಮನೆ, ಎತ್ತುಗಡೆಯ (ಹಾಡು ಶುರುವಾಗುವ) ಸ್ವರ, ತಾಳ. ಹಾಡಿಗೆ ಹಿಂದಿನ ಮಾತು ಮುಗಿಯಲು ಒಂದು ಸಾಲು ಇರುವಾಗಲೇ ಎತ್ತುಗಡೆಯ ಸ್ವರವನ್ನು ಮೆಲ್ಲಗೆ ಹಿಡಿದರೆ ನಟ ತಡಕಾಡುವುದಿಲ್ಲ.

ಪ್ರಶ್ನೆ: ನಾಟಕ ನಿರ್ದೇಶಕ ಬಿ.ವಿ. ಕಾರಂತರ ರಂಗಸಂಗೀತ ಬಂದ ಮೇಲೆ ಕಂಪನಿ ಹಾಡುಗಳು ಹಳತಾದವಲ್ಲವೇ? (ವಿದ್ಯಾರ್ಥಿನಿ, ಹೊಸದುರ್ಗ)

ಮೇಷ್ಟ್ರು: ಕಾರಂತರು ಹುಡುಗನಾಗಿ ಸೇರಿದ್ದೇ ಗುಬ್ಬಿ ಕಂಪನಿಗೆ, ಬೇರು ಅಲ್ಲೇ ಇದೆ. ಅವರು ಬದಲಿಸಿದ್ದು ಹಾಡಿನ ಒಡೆತನವನ್ನು. ಕಂಪನಿಯಲ್ಲಿ ಹಾಡು ನಟನದು, ಅವರಲ್ಲಿ ಮೇಳದ್ದು. ಒಬ್ಬನ ಕಂಠ ಚೆನ್ನಾಗಿಲ್ಲದಿದ್ದರೂ ಹತ್ತು ಜನ ಸೇರಿ ಹಾಡಿ ನಿಲ್ಲಿಸಬಹುದು. ಕಾಲೇಜು ತಂಡಗಳಿಗೆ ಅದು ಒಗ್ಗುವುದು ಇದೇ ಕಾರಣಕ್ಕೆ. ನಿಮ್ಮ ತಾಲ್ಲೂಕಿನ ಸಾಣೇಹಳ್ಳಿಯಲ್ಲೇ ಶಿವಸಂಚಾರ ಎಂಬ ತಿರುಗಾಟದ ತಂಡದ ನಾಟಕಗಳನ್ನು ನೋಡಿ, ಮೇಳ ಯಾವಾಗ ಹಾಡುತ್ತದೆ, ಯಾವಾಗ ಸುಮ್ಮನಾಗುತ್ತದೆ ಎಂದು ಗುರುತು ಹಾಕಿಕೊಳ್ಳಿ. ಜೊತೆಗೆ ದಾವಣಗೆರೆಯ ಚಿಂದೋಡಿ ಮನೆತನದ ಕೆ.ಬಿ.ಆರ್. ಕಂಪನಿಯಲ್ಲಿ ದುಡಿದ ಹಿರಿಯ ಕಲಾವಿದರು ಸಿಕ್ಕರೆ, ಹಾಡಿಗಿಂತ ಹೆಚ್ಚಾಗಿ ಹಾಡಿನಿಂದ ಮಾತಿಗೆ ಇಳಿಯುವುದನ್ನು ಕಲಿಸಿಕೊಡಿ ಎಂದು ಕೇಳಿ.

ಪ್ರಶ್ನೆ: ಸ್ಪರ್ಧೆಗೆ ಅಂಕ ಹಂಚುವುದು ಹೇಗೆ? ಭಾವಗೀತೆಯ ಹಾಗೆ ಹಾಡಿ ಬಹುಮಾನ ಒಯ್ಯುತ್ತಾರೆ. (ಶಿಕ್ಷಕರು, ಜಗಳೂರು)

ಮೇಷ್ಟ್ರು: ನಿಯಮದಲ್ಲೇ ಬದಲಾವಣೆ ಮಾಡಿ. ಐದು ನಿಮಿಷದಲ್ಲಿ ಎರಡು ಸಾಲು ಮಾತು, ಒಂದು ಕಂದ ಅಥವಾ ವೃತ್ತ, ಒಂದು ಹಾಡು ಕಡ್ಡಾಯ. ನೂರರಲ್ಲಿ ಸಾಹಿತ್ಯದ ಸ್ಪಷ್ಟತೆಗೆ 30, ಮಾತು ಮತ್ತು ಹಾಡಿನ ಬೆಸುಗೆಗೆ 30, ಶ್ರುತಿಗೆ 20, ತಾಳಕ್ಕೆ 20. ಧ್ವನಿಮುದ್ರಿತ ಟ್ರ್ಯಾಕ್ ಬೇಡ. ಕಂದಕ್ಕೆ ಟ್ರ್ಯಾಕ್ ಕಾಯುವುದಿಲ್ಲ.

ಪ್ರಶ್ನೆ: ಹಾರ್ಮೋನಿಯಂ ಜೊತೆ ಕೀಬೋರ್ಡ್ ಸೇರಿಸಿದರೆ ದನಿ ನಡುಗಿದಂತೆ ಕೇಳುತ್ತದೆ, ಏಕೆ? (ಓದುಗರು, ಹೊಳಲ್ಕೆರೆ)

ಮಾಸ್ತರು: ಎರಡರ ಶ್ರುತಿಯಲ್ಲಿ ಕೂದಲೆಳೆಯ ವ್ಯತ್ಯಾಸವಿದೆ. ಕೀಬೋರ್ಡ್ ಕಾರ್ಖಾನೆಯಿಂದ 440 ಹರ್ಟ್ಸ್‌ಗೆ ಬಂದಿರುತ್ತದೆ, ಹಳೆಯ ಹಾರ್ಮೋನಿಯಂ ಪೆಟ್ಟಿಗೆ ಅದಕ್ಕಿಂತ ಏರಿಯೋ ಇಳಿದೋ ಇರುತ್ತದೆ. ಕೀಬೋರ್ಡಿನ ಟ್ಯೂನಿಂಗ್‌ಗೆ ಹೋಗಿ, ಒಂದೇ ಸ್ವರವನ್ನು ಎರಡರಲ್ಲೂ ಹಿಡಿದು, ನಡುಕ ನಿಲ್ಲುವವರೆಗೆ ಅದನ್ನೇ ಹಾರ್ಮೋನಿಯಂಗೆ ಹೊಂದಿಸಿ. ಹಾರ್ಮೋನಿಯಂ ರೀಡನ್ನು ನೀವೇ ಕೆರೆಯಲು ಹೋಗಬೇಡಿ. ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಅಳತೆ ತಪ್ಪಿ ತೆಳ್ಳಗಾದ ರೀಡು ನಾಟಕದ ರಾತ್ರಿಯೇ ಮುರಿದೀತು. ಒಂದೇ ಸ್ವರ ಮಾತ್ರ ಕೆಟ್ಟು ಕೇಳುತ್ತಿದ್ದರೆ ರೀಡಿನ ಸಂದಿಯಲ್ಲಿ ದೂಳು ಸೇರಿರುತ್ತದೆ. ತೆಳುವಾದ ಕಾಗದದ ಅಂಚನ್ನು ರೀಡಿನ ಕೆಳಗೆ ಹಾಯಿಸಿ ತೆಗೆದು, ಮತ್ತೆ ನುಡಿಸಿ ನೋಡಿ.