ಸಂಪಾದಕರ ಉತ್ತರ: ಬಯಲಿನ ಬೆಳಕು ಮನೆಯೊಳಗೆ ಬರುವುದಿಲ್ಲ

ಓದುಗರ ಪತ್ರ:

“ಮಾನ್ಯ ಸಂಪಾದಕರೇ, ದಿನವೂ ಸ್ವಲ್ಪ ಹೊತ್ತು ಪ್ರಕೃತಿಯ ನಡುವೆ ಇರಿ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದಿರಿ. ಬಿಡುವಿದ್ದವರಿಗೆ ಅದು ಸರಿ. ನಾನು ಮನೆಯಿಂದಲೇ ಕಚೇರಿ ಕೆಲಸ ಮಾಡುವವಳು. ನಡಿಗೆಗೆ ಟ್ರೆಡ್‌ಮಿಲ್ ಇದೆ, ವೈದ್ಯರು ಕೊಟ್ಟ ವಿಟಮಿನ್ ಡಿ ಮಾತ್ರೆ ಇದೆ, ಬೆಳಕು ಬೇಕೆಂದು ಕಿಟಕಿಯ ಹತ್ತಿರವೇ ಮೇಜು ಹಾಕಿಕೊಂಡಿದ್ದೇನೆ. ಮಗನಿಗೆ ಕಾಡಿನ ವಿಡಿಯೋಗಳನ್ನು ತೋರಿಸುತ್ತೇನೆ. ಅವನಿಗೆ ಒಂಬತ್ತು ವರ್ಷ, ಈ ವರ್ಷ ಕನ್ನಡಕ ಬಂತು. ಹೊರಗೆ ಕರೆದುಕೊಂಡು ಹೋದರೆ ‘ಇಲ್ಲಿ ಏನು ಮಾಡುವುದು?’ ಎಂದು ಕೇಳುತ್ತಾನೆ, ನನಗೂ ಉತ್ತರ ತೋಚುವುದಿಲ್ಲ. ನಮ್ಮ ಸುತ್ತ ಕಾಡೂ ಇಲ್ಲ, ಬೆಟ್ಟವೂ ಇಲ್ಲ. ಎಲ್ಲವೂ ಒಳಗೇ ಸಿಗುತ್ತಿರುವಾಗ ಹೊರಗೆ ಹೋಗದಿದ್ದರೆ ನಷ್ಟವೇನು?”
(ಹೆಸರು ಪ್ರಕಟಿಸಬೇಡಿ ಎಂದಿದ್ದಾರೆ.)

ಮಾನ್ಯರೇ,

ನಿಮ್ಮ ಪ್ರಶ್ನೆಗೆ ‘ಪ್ರಕೃತಿ ನಮ್ಮ ತಾಯಿ’ ಎಂಬಂಥ ಉತ್ತರ ಕೊಟ್ಟು ಮುಗಿಸಿದರೆ ನಿಮಗೆ ಅನ್ಯಾಯ ಮಾಡಿದಂತಾಗುತ್ತದೆ. ನೀವು ಲೆಕ್ಕ ಕೇಳಿದ್ದೀರಿ. ಒಳಗೆ ಏನೇನು ತಂದುಕೊಂಡಿದ್ದೀರಿ ಎಂದು ಒಂದೊಂದಾಗಿ ಹೇಳಿದ್ದೀರಿ. ನಾನೂ ಒಂದೊಂದನ್ನೇ ಎತ್ತಿಕೊಂಡು ಉತ್ತರಿಸುತ್ತೇನೆ.

ಟ್ರೆಡ್‌ಮಿಲ್ ಬಗ್ಗೆ ನನ್ನ ತಕರಾರಿಲ್ಲ. ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ವೇಗದ ವ್ಯಾಯಾಮ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೃದಯ ಮತ್ತು ಕಾಲಿನ ಸ್ನಾಯುಗಳ ಮಟ್ಟಿಗೆ ಆ ನಿಮಿಷಗಳು ಕೋಣೆಯಲ್ಲಿ ಕಳೆದರೂ ಸಂದಾಯವಾಗುತ್ತವೆ. ಅದನ್ನು ಬಿಡಬೇಡಿ. ಮಾತ್ರೆಯನ್ನೂ ವೈದ್ಯರು ಹೇಳುವವರೆಗೆ ಬಿಡಬೇಡಿ. ಕಿಟಕಿಯ ಗಾಜಿನ ಮೂಲಕ ಬೀಳುವ ಬಿಸಿಲಿನಿಂದ ವಿಟಮಿನ್ ಡಿ ಸಿಗುವುದಿಲ್ಲ. ಚರ್ಮದಲ್ಲಿ ಅದನ್ನು ತಯಾರಿಸುವ ನೇರಳಾತೀತ ‘ಬಿ’ ಕಿರಣಗಳನ್ನು ಸಾಮಾನ್ಯ ಗಾಜು ಬಹುಪಾಲು ತಡೆದುಬಿಡುತ್ತದೆ. ಬಿಸಿಲು ಕಾಯುತ್ತಿದ್ದೇನೆ ಎಂದುಕೊಂಡು ಕಿಟಕಿಯ ಪಕ್ಕ ಕುಳಿತವರಿಗೆ ಸಿಗುವುದು ಬೆಚ್ಚಗಿನ ಅನುಭವ ಮಾತ್ರ.

ನನಗೆ ನಿಜವಾಗಿ ಕಾಳಜಿ ಇರುವುದು ನಿಮ್ಮ ಮಗನ ಕಣ್ಣಿನ ಬಗ್ಗೆ. ಆದ್ದರಿಂದ ಬೆಳಕಿನ ವಿಚಾರವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಕೋಣೆಯ ಬೆಳಕಿಗೂ ಬಯಲಿನ ಬೆಳಕಿಗೂ ಇರುವ ಅಂತರ ನಮ್ಮ ಅಂದಾಜಿಗೆ ಸಿಗುವುದೇ ಇಲ್ಲ. ಕಣ್ಣಿನ ಪಾಪೆ ಕುಗ್ಗಿ ಹಿಗ್ಗಿ ಹೊಂದಿಕೊಳ್ಳುತ್ತದೆ, ಉಳಿದದ್ದನ್ನು ಅಕ್ಷಿಪಟ (ಕಣ್ಣಿನೊಳಗೆ ಹಿಂಬದಿಯಲ್ಲಿ ಬಿಂಬ ಮೂಡುವ ಪದರ) ಮತ್ತು ಮೆದುಳು ಸರಿದೂಗಿಸುತ್ತವೆ. ಹಾಗಾಗಿ ಎರಡೂ ಕಡೆ ‘ಚೆನ್ನಾಗಿ ಕಾಣುತ್ತಿದೆ’ ಎಂದೇ ಅನಿಸುತ್ತದೆ. ಅಳೆದು ನೋಡಿದರೆ ಕತೆ ಬೇರೆ. ಬೆಳಕನ್ನು ಅಳೆಯುವ ಮಾನ ಲಕ್ಸ್. ದೀಪ ಹಾಕಿದ ಸಾಧಾರಣ ಕೋಣೆಯಲ್ಲಿ ಬೆಳಕು 100ರಿಂದ 500 ಲಕ್ಸ್. ನಡುಹಗಲಿನ ಬಿಸಿಲಿನಲ್ಲಿ ಅದು 1,00,000 ಲಕ್ಸ್ ಮುಟ್ಟುತ್ತದೆ. ಮರದ ನೆರಳಿನಲ್ಲೂ, ಮೋಡ ಕವಿದ ಹಗಲಿನಲ್ಲೂ ಸಾವಿರಾರು ಲಕ್ಸ್ ಇರುತ್ತದೆ. ಬೆಳಕನ್ನು ಅಳೆಯುವ ಆ್ಯಪ್‌ಗಳು ಮೊಬೈಲ್‌ಗೆ ಸಿಗುತ್ತವೆ. ಅಂಕಿ ಕರಾರುವಾಕ್ಕಾಗಿ ಇರಲಿಕ್ಕಿಲ್ಲ, ಆದರೆ ಹೋಲಿಕೆಗೆ ಸಾಕು. ಒಂದನ್ನು ಹಾಕಿಕೊಂಡು ಮಗನ ಕೈಗೆ ಕೊಡಿ. ಕೋಣೆಯ ನಡುವೆ ಒಮ್ಮೆ, ನಿಮ್ಮ ಮೇಜಿನ ಮೇಲೆ ಒಮ್ಮೆ, ಗಾಜಿಗೆ ಒತ್ತಿಕೊಂಡಂತೆ ಒಮ್ಮೆ, ಹೊಸ್ತಿಲ ಆಚೆ ಆಕಾಶದ ಕೆಳಗೆ ಒಮ್ಮೆ ಅಳೆಯಲಿ. ಕಿಟಕಿಯಿಂದ ಎರಡು ಮೂರು ಹೆಜ್ಜೆ ಹಿಂದೆ ಸರಿದರೆ ಸಾಕು, ಅಂಕಿ ಹೇಗೆ ಕುಸಿಯುತ್ತದೆ ಎಂಬುದನ್ನು ಅವನೇ ನಿಮಗೆ ಕೂಗಿ ಹೇಳುತ್ತಾನೆ. ಕಿಟಕಿಗೆ ದಕ್ಕುವುದು ಆಕಾಶದ ಒಂದು ತುಣುಕು, ಬಯಲಿಗೆ ಇಡೀ ಆಕಾಶ.

ಇದಕ್ಕೂ ಕನ್ನಡಕಕ್ಕೂ ಏನು ಸಂಬಂಧ? ಸಮೀಪದೃಷ್ಟಿ ಇರುವ ಮಕ್ಕಳಲ್ಲಿ ಕಣ್ಣುಗುಡ್ಡೆ ಬೇಕಾದ್ದಕ್ಕಿಂತ ಉದ್ದವಾಗಿ ಬೆಳೆದಿರುತ್ತದೆ. ದೂರದ ವಸ್ತುವಿನ ಬಿಂಬ ಅಕ್ಷಿಪಟದ ಮೇಲೆ ಬೀಳುವ ಬದಲು ಅದಕ್ಕಿಂತ ಮುಂದೆಯೇ ಮೂಡುತ್ತದೆ, ಆದ್ದರಿಂದ ಮಬ್ಬಾಗಿ ಕಾಣುತ್ತದೆ. ಪ್ರಖರ ಬೆಳಕಿನಲ್ಲಿ ಅಕ್ಷಿಪಟ ಡೋಪಮೈನ್ ಎಂಬ ರಾಸಾಯನಿಕವನ್ನು ಹೆಚ್ಚು ಬಿಡುಗಡೆ ಮಾಡುತ್ತದೆ. ಕಣ್ಣುಗುಡ್ಡೆ ಅತಿಯಾಗಿ ಉದ್ದವಾಗದಂತೆ ಅದು ತಡೆಯುತ್ತದೆ ಎಂಬುದಕ್ಕೆ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಬಲವಾದ ಸೂಚನೆಗಳಿವೆ. ಮಕ್ಕಳ ಮೇಲಿನ ಪರೀಕ್ಷೆಯೂ ನಡೆದಿದೆ. ಚೀನಾದ ಗುವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳನ್ನು ಆರಿಸಿಕೊಂಡು, ಅರ್ಧದಷ್ಟು ಶಾಲೆಗಳಲ್ಲಿ ದಿನಕ್ಕೆ 40 ನಿಮಿಷದ ಹೊರಾಂಗಣ ತರಗತಿಯೊಂದನ್ನು ಹೆಚ್ಚಿಗೆ ಸೇರಿಸಿದರು. ಶಾಲೆ ಮುಗಿದ ಮೇಲೆ ಮತ್ತು ರಜಾದಿನಗಳಲ್ಲೂ ಮಕ್ಕಳನ್ನು ಹೊರಗೆ ಆಡಿಸಿ ಎಂದು ಪೋಷಕರನ್ನು ಹುರಿದುಂಬಿಸಿದರು. ಮೂರು ವರ್ಷಗಳ ನಂತರ, ಮಾಮೂಲಿ ವೇಳಾಪಟ್ಟಿಯ ಶಾಲೆಗಳಲ್ಲಿ ಶೇ. 39.5ರಷ್ಟು ಮಕ್ಕಳಿಗೆ ಹೊಸದಾಗಿ ಸಮೀಪದೃಷ್ಟಿ ಬಂದಿತ್ತು, ಹೊರಗೆ ಹೋದ ಮಕ್ಕಳಲ್ಲಿ ಶೇ. 30.4ಕ್ಕೆ. ಫಲಿತಾಂಶ ಪ್ರಕಟವಾದದ್ದು 2015ರಲ್ಲಿ. ತೈವಾನ್ 2010ರಲ್ಲೇ ಶಾಲಾ ಮಕ್ಕಳು ದಿನಕ್ಕೆ 120 ನಿಮಿಷ ಹೊರಗಿರಬೇಕು ಎಂಬ ಕಾರ್ಯಕ್ರಮ ಆರಂಭಿಸಿತು. ವರ್ಷದಿಂದ ವರ್ಷಕ್ಕೆ ಏರುತ್ತಲೇ ಇದ್ದ ದೃಷ್ಟಿದೋಷದ ಪ್ರಮಾಣ ಅಲ್ಲಿ ಆಮೇಲೆ ಇಳಿಯತೊಡಗಿತು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಲೇಬೇಕು. ಬಯಲಿಗೆ ಹೋದರೆ ನಿಮ್ಮ ಮಗನ ಕನ್ನಡಕ ಹೋಗುವುದಿಲ್ಲ. ಸಮೀಪದೃಷ್ಟಿ ಹೊಸದಾಗಿ ಬರುವುದನ್ನು ತಡೆಯುವ ಅಥವಾ ಮುಂದೂಡುವ ವಿಷಯದಲ್ಲಿ ಸಾಕ್ಷ್ಯ ಗಟ್ಟಿಯಾಗಿದೆ. ಬಂದ ಮೇಲೆ ಅದು ಏರದಂತೆ ತಡೆಯುವ ವಿಷಯದಲ್ಲಿ ಅಷ್ಟು ಗಟ್ಟಿಯಾಗಿಲ್ಲ. ಅವನಿಗೆ ಕಣ್ಣಿನ ವೈದ್ಯರ ತಪಾಸಣೆ ತಪ್ಪದೇ ಬೇಕು. ಮನೆಯಲ್ಲಿ ಅವನಿಗಿಂತ ಚಿಕ್ಕ ಮಕ್ಕಳಿದ್ದರೆ ಇಂದಿನಿಂದಲೇ ಹೊರಗೆ ಕಳುಹಿಸಿ. ಉರಿಬಿಸಿಲಿನ ಅಗತ್ಯವೂ ಇಲ್ಲ. ಟೋಪಿ ಹಾಕಿಕೊಂಡು ಮರದ ನೆರಳಿನಲ್ಲಿ ಆಡಿದರೂ ಕೋಣೆಗಿಂತ ಎಷ್ಟೋ ಪಟ್ಟು ಬೆಳಕು ಸಿಗುತ್ತದೆ. ಸೂರ್ಯನನ್ನು ನೇರವಾಗಿ ನೋಡಬಾರದು ಎಂದು ಮಾತ್ರ ಮೊದಲೇ ಹೇಳಿಕೊಡಿ.

ಇದೇ ಬೆಳಕು ನಿಮ್ಮ ನಿದ್ದೆಯನ್ನೂ ನಿರ್ಧರಿಸುತ್ತದೆ. ರಾತ್ರಿ ಬೇಗ ನಿದ್ದೆ ಹತ್ತುವುದಿಲ್ಲ ಎಂದು ನೀವು ಬರೆದಿಲ್ಲ, ಆದರೂ ದಿನವಿಡೀ ಒಳಗೇ ದುಡಿಯುವ ಬಹಳ ಮಂದಿಯಿಂದ ಆ ದೂರು ಕೇಳಿದ್ದೇನೆ. ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದ ಸಂಶೋಧಕರು ಎಂಟು ಮಂದಿಯನ್ನು ಒಂದು ವಾರ ಬೆಟ್ಟದ ಸೀಮೆಯಲ್ಲಿ ಡೇರೆ ಹಾಕಿಸಿ ಇರಿಸಿದರು. ಹಗಲಲ್ಲಿ ಸೂರ್ಯನ ಬೆಳಕು, ರಾತ್ರಿ ಶಿಬಿರದ ಬೆಂಕಿ, ಅಷ್ಟೇ. ಟಾರ್ಚ್‌ ಕೂಡ ಇಲ್ಲ. ವಾರದ ಕೊನೆಗೆ, ನಿದ್ದೆಯ ಸೂಚನೆ ಕೊಡುವ ಮೆಲಟೋನಿನ್ ಅವರ ದೇಹದಲ್ಲಿ ಸುಮಾರು ಎರಡು ಗಂಟೆ ಮೊದಲೇ ಏರತೊಡಗಿತ್ತು. ತಡರಾತ್ರಿಯವರೆಗೆ ಎಚ್ಚರವಿರುವುದೇ ತಮ್ಮ ಸ್ವಭಾವ ಎಂದುಕೊಂಡಿದ್ದವರಲ್ಲಿ ಬದಲಾವಣೆ ಇನ್ನೂ ಹೆಚ್ಚು. 2013ರಲ್ಲಿ ಪ್ರಕಟವಾದ ಈ ಅಧ್ಯಯನ ಚಿಕ್ಕದು, ಎಂಟೇ ಜನರದ್ದು. ಆದರೆ ದೇಹದ ಗಡಿಯಾರಕ್ಕೆ ಹಗಲು ಯಾವುದು, ರಾತ್ರಿ ಯಾವುದು ಎಂದು ಸ್ಪಷ್ಟವಾಗಿ ತಿಳಿಯಬೇಕು ಎಂಬುದು ಬೇರೆ ಎಷ್ಟೋ ಅಧ್ಯಯನಗಳಿಂದಲೂ ಖಚಿತವಾಗಿದೆ. ಹಗಲಿಡೀ 300 ಲಕ್ಸ್, ರಾತ್ರಿಯೂ ದೀಪ ಮತ್ತು ಮೊಬೈಲ್ ಪರದೆ ಎಂದಾದರೆ ಆ ಗಡಿಯಾರ ಗೊಂದಲಕ್ಕೆ ಬೀಳುತ್ತದೆ.

ಇನ್ನು ವಿಡಿಯೋ. ‘ತೆರೆಯ ಮೇಲಿನ ಕಾಡು ಕಾಡಲ್ಲ’ ಎಂದು ಹೇಳಿಬಿಡುವುದು ಸುಲಭ. ನೋಟಕ್ಕೂ ಬೆಲೆಯಿದೆ ಎಂದು ತೋರಿಸಿದವರಿದ್ದಾರೆ. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ ರೋಗಿಗಳ ದಾಖಲೆಗಳನ್ನು ಅಮೆರಿಕದ ಸಂಶೋಧಕ ರೋಜರ್ ಉಲ್ರಿಚ್ ಪರಿಶೀಲಿಸಿದರು. ಕಿಟಕಿಯಿಂದ ಮರಗಳು ಕಾಣುತ್ತಿದ್ದ 23 ಮಂದಿ, ಇಟ್ಟಿಗೆ ಗೋಡೆ ಕಾಣುತ್ತಿದ್ದ 23 ಮಂದಿ. ಮರ ಕಂಡವರು ಸ್ವಲ್ಪ ಬೇಗ ಮನೆಗೆ ಹೋದರು, ತೀವ್ರ ನೋವುನಿವಾರಕಗಳನ್ನು ಕಡಿಮೆ ತೆಗೆದುಕೊಂಡರು. 1984ರಲ್ಲಿ ಪ್ರಕಟವಾದ ಈ ಬರಹ ಆಸ್ಪತ್ರೆ ಕಟ್ಟುವವರ ಯೋಚನೆಯನ್ನೇ ಬದಲಿಸಿತು. ಹಾಗಾಗಿ ನಿಮ್ಮ ಕಿಟಕಿಯ ಆಚೆ ಒಂದು ಮರ ಇದ್ದರೆ ಮೇಜನ್ನು ಅಲ್ಲಿಂದ ಸರಿಸಬೇಡಿ. ತೆರೆಯ ವಿಚಾರಕ್ಕೆ ಬಂದರೆ, 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸಂಶೋಧಕ ಪೀಟರ್ ಕಾನ್ ಮತ್ತು ಸಂಗಡಿಗರು ಕೆಲವರನ್ನು ಹಸಿರು ಕಾಣುವ ಗಾಜಿನ ಕಿಟಕಿಯ ಮುಂದೆ, ಕೆಲವರನ್ನು ಅದೇ ನೋಟವನ್ನು ನೇರ ಪ್ರಸಾರ ಮಾಡುವ ದೊಡ್ಡ ತೆರೆಯ ಮುಂದೆ, ಇನ್ನು ಕೆಲವರನ್ನು ಖಾಲಿ ಗೋಡೆಯ ಮುಂದೆ ಕೂರಿಸಿದರು. ಸಣ್ಣ ಒತ್ತಡದ ನಂತರ ಹೃದಯಬಡಿತ ಬೇಗ ಹದಕ್ಕೆ ಬಂದದ್ದು ಗಾಜಿನ ಕಿಟಕಿಯ ಮುಂದೆ ಕುಳಿತವರಲ್ಲಿ. ತೆರೆ ಮತ್ತು ಖಾಲಿ ಗೋಡೆಯ ನಡುವೆ ವ್ಯತ್ಯಾಸ ಕಾಣಲಿಲ್ಲ. ವಿಡಿಯೋದಿಂದ ಮಗ ಹುಲಿಯ ಬಗ್ಗೆ ಬಹಳ ಕಲಿಯಬಹುದು. ಆದರೆ ದಣಿವು ಆರಿಸಿಕೊಳ್ಳಲು ಅದನ್ನು ನೆಚ್ಚಿಕೊಳ್ಳಬೇಡಿ.

ದಣಿವಿನ ಮಾತು ನಿಮಗೂ ಸಲ್ಲುತ್ತದೆ. ಪರದೆಯ ಮುಂದೆ ದುಡಿಯುವವರಿಗೆ ಸಂಜೆಯ ಹೊತ್ತಿಗೆ ಮೈಗಿಂತ ಗಮನ ಸೋತಿರುತ್ತದೆ. ಬೇಡದ್ದನ್ನೆಲ್ಲ ಪಕ್ಕಕ್ಕೆ ತಳ್ಳಿ ಬೇಕಾದ ಒಂದರ ಮೇಲೆ ಮನಸ್ಸನ್ನು ಹಿಡಿದಿಡುವ ಶಕ್ತಿಗೆ ಮಿತಿಯಿದೆ ಎಂದು ಮಿಶಿಗನ್ ವಿಶ್ವವಿದ್ಯಾಲಯದ ರೇಚಲ್ ಮತ್ತು ಸ್ಟೀಫನ್ ಕಾಪ್ಲಾನ್ ವಾದಿಸಿದರು. ಗಾಳಿಗೆ ಅಲುಗುವ ಎಲೆ, ಹರಿಯುವ ನೀರು, ಸರಿಯುವ ಮೋಡ ನಮ್ಮ ಗಮನವನ್ನು ಸೆಳೆಯುತ್ತವೆ, ಆದರೆ ದಬಾಯಿಸಿ ಕೇಳುವುದಿಲ್ಲ. ಆ ಹೊತ್ತಿನಲ್ಲಿ ಸೋತ ಶಕ್ತಿ ಚೇತರಿಸಿಕೊಳ್ಳುತ್ತದೆ ಎಂಬುದು ಅವರ ಸಿದ್ಧಾಂತ. 2008ರಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ಅದನ್ನು ಪರೀಕ್ಷಿಸಿದರು. ಮರಗಳ ತೋಪಿನಲ್ಲಿ ಅಡ್ಡಾಡಿ ಬಂದವರು ಅಂಕಿಗಳನ್ನು ಹಿಂದುಮುಂದಾಗಿ ನೆನಪಿಟ್ಟು ಹೇಳುವ ಪರೀಕ್ಷೆಯಲ್ಲಿ ಮೊದಲಿಗಿಂತ ಚೆನ್ನಾಗಿ ಮಾಡಿದರು. ಪೇಟೆಯ ರಸ್ತೆಯಲ್ಲಿ ನಡೆದು ಬಂದವರಲ್ಲಿ ಅಂಥ ಸುಧಾರಣೆ ಕಾಣಲಿಲ್ಲ. ನನಗೆ ತುಂಬ ಹಿಡಿಸಿದ ಸಂಗತಿ ಬೇರೆಯೇ ಇದೆ: ಕೊರೆಯುವ ಚಳಿಗಾಲದಲ್ಲಿ ನಡೆದವರು ಆ ನಡಿಗೆಯನ್ನು ಅಷ್ಟಾಗಿ ಇಷ್ಟಪಡಲಿಲ್ಲ, ಆದರೂ ಅವರಿಗೆ ಪ್ರಯೋಜನ ಸಿಕ್ಕಿತು. ಅಂದರೆ ಹೊರಗೆ ಹೋದಾಗ ಮನಸ್ಸು ಹಿಗ್ಗಲೇಬೇಕು, ಕವಿತೆ ಹುಟ್ಟಲೇಬೇಕು ಎಂಬ ಹೊರೆ ನಿಮ್ಮ ಮೇಲಿಲ್ಲ.

ಕಾಡಿಲ್ಲ, ಬೆಟ್ಟವಿಲ್ಲ ಎಂದಿರಿ. ಇಂಗ್ಲೆಂಡಿನ ಸುಮಾರು 20,000 ಮಂದಿಯ ಮಾಹಿತಿಯನ್ನು ಆಧರಿಸಿದ 2019ರ ಅಧ್ಯಯನವೊಂದರಲ್ಲಿ, ವಾರಕ್ಕೆ ಒಟ್ಟು 120 ನಿಮಿಷವಾದರೂ ಉದ್ಯಾನ, ತೋಪು, ಕಡಲತೀರಗಳಂಥ ಕಡೆ ಕಳೆದವರು ತಮ್ಮ ಆರೋಗ್ಯ ಚೆನ್ನಾಗಿದೆ, ಬದುಕು ನೆಮ್ಮದಿಯಾಗಿದೆ ಎಂದು ಹೇಳಿದ್ದು ಹೆಚ್ಚು. ಒಂದೇ ಸಲ ಎರಡು ಗಂಟೆ ಹೋದರೋ, ಅಷ್ಟಷ್ಟೇ ಹೊತ್ತು ಹಲವು ಸಲ ಹೋದರೋ ಎಂಬುದು ಮುಖ್ಯವಾಗಲಿಲ್ಲ. ಆರೋಗ್ಯ ಚೆನ್ನಾಗಿದ್ದವರೇ ಹೆಚ್ಚು ಹೊರಗೆ ಹೋಗಿರಬಹುದು, ಆದ್ದರಿಂದ 120 ಎಂಬುದನ್ನು ಔಷಧದ ಪ್ರಮಾಣದಂತೆ ತೆಗೆದುಕೊಳ್ಳಬೇಡಿ. ನಿಮ್ಮಂಥವರಿಗೆ ಅದರಲ್ಲಿ ಇರುವ ಸಮಾಧಾನ ಇಷ್ಟು: ದಿನಕ್ಕೆ ಇಪ್ಪತ್ತು ನಿಮಿಷ, ಹತ್ತಿರದ ಯಾವುದೇ ಹಸಿರು ಜಾಗ, ಆರಂಭಕ್ಕೆ ಸಾಲುತ್ತದೆ.

ಅಷ್ಟೂ ಎಲ್ಲರಿಗೆ ಸಿಗುವುದಿಲ್ಲ ಎಂಬುದು ನನಗೆ ಗೊತ್ತು, ಅದು ನನ್ನನ್ನು ಕೆರಳಿಸುತ್ತದೆ ಕೂಡ. ಜನರಿಗೆ ಬಿಡುವಿರುವ ಹೊತ್ತಿನಲ್ಲೇ ಬೀಗ ಹಾಕುವ ಉದ್ಯಾನ, ಹುಲ್ಲಿನ ಮೇಲೆ ಕಾಲಿಡಬಾರದು ಎಂಬ ಫಲಕ, ರಸ್ತೆ ಅಗಲ ಮಾಡಲು ಉರುಳುವ ಮರ, ಒಂಟಿ ಹೆಂಗಸು ಹೆದರದೆ ಕೂರಲಾಗದ ಬೆಂಚು: ಇವೆಲ್ಲ ಆರೋಗ್ಯದ ಪ್ರಶ್ನೆಗಳು. ಹಾಗೆಯೇ, ದಿನವಿಡೀ ಬಿಸಿಲಿನಲ್ಲಿ ದುಡಿಯುವ ಕಟ್ಟಡ ಕಾರ್ಮಿಕರಿಗೆ, ಕೃಷಿ ಕೂಲಿಗಳಿಗೆ ನಾನು ಈ ಪತ್ರ ಬರೆಯುತ್ತಿಲ್ಲ. ಅವರಿಗೆ ಬೇಕಾದದ್ದು ನೆರಳು, ನೀರು, ವಿರಾಮ. ಗಾಳಿ ಕೆಟ್ಟಿರುವ ದಿನ, ಬಿಸಿಗಾಳಿ ಬೀಸುವ ಮಧ್ಯಾಹ್ನ ನೀವೂ ಒಳಗೇ ಇರುವುದು ಲೇಸು.

ಕೊನೆಗೆ ನಿಮ್ಮ ಮಗನ ಪ್ರಶ್ನೆ: ‘ಇಲ್ಲಿ ಏನು ಮಾಡುವುದು?’ ನಿಮ್ಮ ಪತ್ರದಲ್ಲಿ ನನಗೆ ಬಹಳ ಮುಖ್ಯವೆನಿಸಿದ್ದು ಇದೇ. ಒಂಬತ್ತು ವರ್ಷದ ಹುಡುಗನಿಗೆ ಪ್ರತಿ ಗಳಿಗೆಯೂ ಯಾರೋ ಏನನ್ನೋ ಒದಗಿಸಿ ರೂಢಿಯಾಗಿದೆ. ಬಯಲು ಏನನ್ನೂ ಒದಗಿಸುವುದಿಲ್ಲ, ಹುಡುಕಿಕೊಳ್ಳಬೇಕು. ಮೊದಲ ಸಲ ಒಂದು ಸುಳಿವು ಕೊಡಿ, ಸಾಕು. ಗಿಡಗಳ ಎಲೆ ನೋಡುತ್ತಾ ಹೋದರೆ ಯಾವುದೋ ಒಂದರ ಮೇಲೆ ಅಂಕುಡೊಂಕಾದ ಬಿಳಿ ಗೆರೆ ಸಿಗುತ್ತದೆ. ಎಲೆಯ ಎರಡು ಪದರಗಳ ನಡುವೆ ಪುಟ್ಟ ಹುಳುವೊಂದು ತಿನ್ನುತ್ತಾ ಸಾಗಿದ ದಾರಿ ಅದು. ಗೆರೆ ಒಂದು ತುದಿಯಲ್ಲಿ ಕೂದಲಿನಷ್ಟು ಸಣ್ಣಗಿದ್ದು ಇನ್ನೊಂದು ತುದಿಗೆ ಬರುವಷ್ಟರಲ್ಲಿ ಅಗಲವಾಗಿರುತ್ತದೆ, ಏಕೆಂದರೆ ತಿನ್ನುತ್ತಾ ತಿನ್ನುತ್ತಾ ಹುಳು ಬೆಳೆದಿದೆ. ಬೆಳಕಿಗೆ ಹಿಡಿದರೆ ನಡುವೆ ಕಪ್ಪು ಚುಕ್ಕೆಗಳ ಸಾಲೂ ಕಾಣಬಹುದು, ಅದು ಹುಳುವಿನ ಹಿಕ್ಕೆ. ಅಗಲದ ತುದಿಯಲ್ಲಿ ಹುಳು ಇನ್ನೂ ಇದೆಯೋ, ಪದರ ಹರಿದು ಹೊರಟುಹೋಗಿದೆಯೋ ಎಂದು ಅವನೇ ಪತ್ತೆ ಮಾಡಲಿ.

ಎರಡನೆಯ ಸಲ ಸುಳಿವು ಬೇಡ. ಅವನು ಗೊಣಗುತ್ತಾನೆ, ‘ಹೋಗೋಣ’ ಎನ್ನುತ್ತಾನೆ, ಕಲ್ಲು ಒದೆಯುತ್ತಾನೆ. ಆ ಬೇಸರವನ್ನು ನೀಗಿಸಲು ಮೊಬೈಲ್ ಕೊಡಬೇಡಿ, ನೀವೂ ತೆಗೆಯಬೇಡಿ. ಒಂದಷ್ಟು ಹೊತ್ತಿಗೆ ಅವನು ಏನನ್ನಾದರೂ ಕೆದಕಲು ಶುರು ಮಾಡುತ್ತಾನೆ. ಬಟ್ಟೆ ಮಣ್ಣಾಯಿತು ಎಂದು ಆಗ ಕರೆಯಬೇಡಿ. ಬೆಳಗ್ಗೆ ಶಾಲೆಗೆ ಮುಂಚೆ ಸಾಧ್ಯವಾದರೆ ಒಳ್ಳೆಯದು, ಇಲ್ಲವಾದರೆ ನಿಮ್ಮ ಕೆಲಸದ ಕೊನೆಯ ಕರೆಯನ್ನು ಅರ್ಧ ಗಂಟೆ ಮೊದಲೇ ಮುಗಿಸಿ ಸಂಜೆ ಬೆಳಕಿರುವಾಗಲೇ ಹೊರಡಿ. ಒಂದು ತಿಂಗಳು ಮಾಡಿ ನೋಡಿ, ಅವನು ಏನೇನು ಹುಡುಕಿದ ಎಂದು ಬರೆಯಿರಿ. ಆ ಪತ್ರಕ್ಕೆ ಈ ಅಂಕಣದಲ್ಲಿ ಜಾಗ ಇಟ್ಟಿರುತ್ತೇನೆ.

ಸಂಪಾದಕ